ಕನ್ನಡ ಚಲನಚಿತ್ರಗಳ ವಿಶೇಷ ಪ್ರದರ್ಶನಗಳು: ಒಂದು ಐತಿಹಾಸಿಕ ವಿವೇಚನೆ

ಚಲನಚಿತ್ರವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದನ್ನು ಮಾಡಿದವರ ಚರಿತ್ರೆಯನ್ನು ಬರೆಯುತ್ತಾರೆ. ನೋಡಿದವರ ಚರಿತ್ರೆಯನ್ನು ಬರೆಯುವವರು ವಿರಳ. ಸಾಹಿತ್ಯದಲ್ಲಿ ಕವಿಗೂ ಸಹೃದಯನಿಗೂ ಇರುವ ಸಂಬಂಧವನ್ನು ನಮ್ಮ ಆಲಂಕಾರಿಕರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಚಲನಚಿತ್ರದ ವಿಷಯದಲ್ಲಿ ಅಂತಹ ಚರ್ಚೆಗೆ ಅವಕಾಶವೇ ಇರಲಿಲ್ಲವೆನ್ನಬಹುದು. ಏಕೆಂದರೆ ಚಿತ್ರವನ್ನು ಮಾಡಿದವನಿಗೂ ನೋಡುವವನಿಗೂ ನಡುವೆ ಹಂಚಿಕೆದಾರ, ಪ್ರದರ್ಶಕ ಎಂಬ ಇಬ್ಬರು ನಿಂತಿದ್ದರು. ಒಬ್ಬರ ಮುಖವನ್ನೊಬ್ಬರು ಕಾಣುವ ಸಂದರ್ಭವೇ ಬರುತ್ತಿರಲಿಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಈ ಸ್ಥಿತಿ ಬದಲಾಗಿದೆ. ನಿರ್ದೇಶಕನು ಅಂತರ್ಜಾಲದ ಮೂಲಕ ತನ್ನ ಅಭಿಮಾನಿಗಳನ್ನು ನೇರವಾಗಿ ಕರೆದು, ಬಿಡುಗಡೆಗೆ ಮುನ್ನವೋ ಅನಂತರವೋ ಅವರಿಗಾಗಿಯೇ ಚಿತ್ರವನ್ನು ತೋರಿಸಿ, ಕೊನೆಯಲ್ಲಿ ಅವರೊಡನೆ ಮಾತನಾಡುವ ಪದ್ಧತಿಯೊಂದು ಬಳಕೆಗೆ ಬಂದಿದೆ. ಈ ಪದ್ಧತಿಯ ಹಿನ್ನೆಲೆಯನ್ನು ಗುರುತಿಸುವುದೂ, ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಮಹದೇವಪುರದಂತಹ ಪ್ರದೇಶದಲ್ಲಿ ಇದಕ್ಕೆ ದೊರೆಯುವ ಅರ್ಥವನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ.

1

ಈ ಪದ್ಧತಿ ಸಂಪೂರ್ಣವಾಗಿ ಹೊಸದೆಂದು ಭಾವಿಸುವುದು ಸರಿಯಲ್ಲ. ಕರಾವಳಿಯ ಯಕ್ಷಗಾನದಲ್ಲಿ ಹರಕೆಯ ಆಟವೆಂಬುದುಂಟು. ಕಟೀಲು, ಮಂದಾರ್ತಿ ಮೊದಲಾದ ಕ್ಷೇತ್ರಗಳ ಮೇಳಗಳನ್ನು ಭಕ್ತನೊಬ್ಬನು ತನ್ನ ವೆಚ್ಚದಲ್ಲಿ ಊರಿಗೆ ಬರಮಾಡಿಕೊಳ್ಳುತ್ತಾನೆ. ಊರವರೆಲ್ಲರೂ ಟಿಕೇಟಿನ ಹಂಗಿಲ್ಲದೆ ಆಟವನ್ನು ನೋಡುತ್ತಾರೆ. ಇಲ್ಲಿ ಹಣ ಕೊಟ್ಟವನೂ ನೋಡುವವನೇ ಎಂಬುದನ್ನು ಗಮನಿಸಬೇಕು. ವೃತ್ತಿ ನಾಟಕ ಮಂಡಲಿಗಳಲ್ಲಿ ನಟನೊಬ್ಬನ ಸಹಾಯಾರ್ಥವಾಗಿ ಒಂದು ರಾತ್ರಿಯ ಆಟವನ್ನು ಮೀಸಲಿಡುತ್ತಿದ್ದರು. ಆ ದಿನ ಬರುತ್ತಿದ್ದ ಪ್ರೇಕ್ಷಕರು ನಾಟಕಕ್ಕಾಗಿ ಮಾತ್ರವಲ್ಲದೆ ಆ ನಟನಿಗಾಗಿ ಬರುತ್ತಿದ್ದರು.

ಗ್ರಂಥಪ್ರಕಟಣೆಯಲ್ಲಿಯೂ ಇದಕ್ಕೆ ಸದೃಶವಾದ ಉದಾಹರಣೆಯಿದೆ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ಬೆಳೆದ ಸಂಸ್ಥೆ. ಪುಸ್ತಕವು ಅಚ್ಚಾಗುವ ಮೊದಲೇ ಅದರ ಓದುಗರು ಗೊತ್ತಾಗಿರುತ್ತಿದ್ದರು. ಓದುಗನ ವಿಶ್ವಾಸವೇ ಮೂಲಧನವಾಗಬಲ್ಲುದೆಂಬುದನ್ನು ಕನ್ನಡ ನಾಡು ಆ ಕಾಲಕ್ಕೇ ಕಂಡುಕೊಂಡಿತ್ತು.

ಚಲನಚಿತ್ರಕ್ಕೆ ಹೆಚ್ಚು ಸಮೀಪವಾದ ಪೂರ್ವರೂಪವೆಂದರೆ ಚಿತ್ರಸಮಾಜಗಳು. ಲಂಡನ್ನಿನ ಫಿಲ್ಮ್ ಸೊಸೈಟಿ 1925ರಲ್ಲಿಯೂ, ಸತ್ಯಜಿತ್ ರಾಯ್ ಮತ್ತು ಚಿದಾನಂದ ದಾಸ್‌ಗುಪ್ತ ಮೊದಲಾದವರ ಕಲ್ಕತ್ತಾ ಫಿಲ್ಮ್ ಸೊಸೈಟಿ 1947ರಲ್ಲಿಯೂ ಹುಟ್ಟಿದವು. ಬೆಂಗಳೂರಿನಲ್ಲಿ ಸುಚಿತ್ರಾ 1971ರಲ್ಲಿ ಸ್ಥಾಪಿತವಾಯಿತು, ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೇತೃತ್ವದ ನೀನಾಸಂ 1973ರಲ್ಲಿ ತನ್ನ ಚಿತ್ರಸಮಾಜವನ್ನು ಆರಂಭಿಸಿತು. ಸದಸ್ಯರು ವಂತಿಗೆ ಕೊಟ್ಟು, ಒಂದೆಡೆ ಸೇರಿ, ಚಿತ್ರವನ್ನು ನೋಡಿ ಚರ್ಚಿಸುವುದು ಇವುಗಳ ಕ್ರಮ. ಅಲ್ಲಿ ಚರ್ಚೆಗೆ ಬರುತ್ತಿದ್ದ ಚಿತ್ರದ ನಿರ್ದೇಶಕನು ಹೆಚ್ಚಿನ ಸಂದರ್ಭಗಳಲ್ಲಿ ಎದುರಿಗಿರುತ್ತಿರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಹೀಗೆ ಎರಡು ಧಾರೆಗಳು ಕಾಣಬರುತ್ತವೆ: ಪೋಷಕನೇ ಪ್ರೇಕ್ಷಕನಾಗುವ ಹರಕೆಯ ಆಟದ ಧಾರೆ ಒಂದು, ಸದಸ್ಯನೇ ವಿಮರ್ಶಕನಾಗುವ ಚಿತ್ರಸಮಾಜದ ಧಾರೆ ಮತ್ತೊಂದು. ಇಂದಿನ ವಿಶೇಷ ಪ್ರದರ್ಶನದಲ್ಲಿ ಇವೆರಡೂ ಕೂಡಿಕೊಂಡಿವೆ.

2

ಪ್ರೇಕ್ಷಕರಿಂದಲೇ ಹಣವನ್ನು ಸಂಗ್ರಹಿಸಿ ಚಿತ್ರವನ್ನು ಮಾಡುವ ಪ್ರಯತ್ನಗಳು ಭಾರತದಲ್ಲಿ ಮೊದಲೇ ನಡೆದಿದ್ದವು. ಶ್ಯಾಮ್ ಬೆನಗಲ್ ಅವರ ‘ಮಂಥನ್’ (1976) ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟಿದ್ದರು. ಕೇರಳದಲ್ಲಿ ಜಾನ್ ಅಬ್ರಹಾಂ ಅವರ ‘ಅಮ್ಮ ಅರಿಯಾನ್’ (1986) ಒಡೆಸ್ಸಾ ಎಂಬ ತಂಡವು ಜನರಿಂದ ಎತ್ತಿದ ವಂತಿಗೆಯಿಂದ ಸಿದ್ಧವಾಯಿತು. ಮೊದಲನೆಯದರ ಹಿಂದೆ ಸಹಕಾರ ಸಂಘವಿತ್ತು. ಎರಡನೆಯದರ ಹಿಂದೆ ಊರೂರು ತಿರುಗಿದ ಕಾರ್ಯಕರ್ತರಿದ್ದರು. ಕನ್ನಡದಲ್ಲಿ ಈ ಸ್ಥಾನವನ್ನು ಅಂತರ್ಜಾಲವು ವಹಿಸಿತು.

‘ಲೈಫು ಇಷ್ಟೇನೆ’ (2011) ಚಿತ್ರದ ನಿರ್ದೇಶಕರಾದ ಪವನ್ ಕುಮಾರ್ ತಮ್ಮ ಮುಂದಿನ ಚಿತ್ರಕ್ಕೆ ನಿರ್ಮಾಪಕರು ದೊರೆಯದೆ, ಆ ಕಷ್ಟವನ್ನು ಅಂತರ್ಜಾಲದಲ್ಲಿ ಬಹಿರಂಗವಾಗಿ ಬರೆದುಕೊಂಡರು. ಅದನ್ನು ಓದಿದವರು ಹಣ ಕೊಡಲು ಮುಂದೆ ಬಂದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಸಂಗ್ರಹವಾಯಿತು. ಹೀಗೆ ಸಿದ್ಧವಾದ ‘ಲೂಸಿಯಾ’ 2013ರ ಜುಲೈ 20ರಂದು ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಗಿ, ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯನ್ನು ಪಡೆದು, ಸೆಪ್ಟೆಂಬರ್ 6ರಂದು ಕರ್ನಾಟಕದಲ್ಲಿ ತೆರೆಕಂಡಿತು. ನಾಯಕನ ಪಾತ್ರವನ್ನು ವಹಿಸಿದ ಸತೀಶ್ ನೀನಾಸಂ ಹೆಗ್ಗೋಡಿನಲ್ಲಿ ತರಬೇತಿ ಪಡೆದವರು. ಆ ನಾಯಕನು ಹಳೆಯ ಟಾಕೀಸೊಂದರಲ್ಲಿ ಕತ್ತಲೆಯಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಆಸನ ತೋರಿಸುವ ನೌಕರ. ಹಳೆಯ ಟಾಕೀಸಿನ ಕಥೆಯನ್ನು ಹೊಸ ಬಗೆಯ ಪ್ರೇಕ್ಷಕರು ಹಣ ಕೊಟ್ಟು ಮಾಡಿಸಿದರೆಂಬುದು ಚರಿತ್ರಕಾರನ ದೃಷ್ಟಿಯಿಂದ ಅರ್ಥವತ್ತಾದ ಸಂಗತಿ.

‘ಲೂಸಿಯಾ’ದ ಅನಂತರ ಪ್ರೇಕ್ಷಕನನ್ನು ಕುರಿತ ಭಾವನೆ ಮೊದಲಿನಂತೆ ಉಳಿಯಲಿಲ್ಲ. 2015ರ ಜುಲೈ 3ರಂದು ತೆರೆಕಂಡ ಅನೂಪ್ ಭಂಡಾರಿಯವರ ‘ರಂಗಿತರಂಗ’ಕ್ಕೆ, ಒಂದು ವಾರದಲ್ಲಿಯೇ ಬಂದ ‘ಬಾಹುಬಲಿ’ಯಿಂದಾಗಿ ಮಲ್ಟಿಪ್ಲೆಕ್ಸುಗಳಲ್ಲಿ ಪ್ರದರ್ಶನಗಳು ಕಡಿಮೆಯಾದಾಗ, ಅಭಿಮಾನಿಗಳು ಜಾಲತಾಣಗಳಲ್ಲಿ ಪ್ರತಿಭಟಿಸಿದರು. ಕಾಸರಗೋಡಿನವರಾದ ಕಿರಣ್‌ರಾಜ್ ಅವರ ‘777 ಚಾರ್ಲಿ’ 2022ರ ಜೂನ್ 10ರಂದು ಬಿಡುಗಡೆಯಾಗುವುದಕ್ಕೆ ಮುನ್ನವೇ ದೇಶದ ಹಲವು ನಗರಗಳಲ್ಲಿ ವಿಶೇಷವಾಗಿ ಪ್ರದರ್ಶಿತವಾಯಿತು. ನೋಡಿದವರ ಮಾತೇ ಅದಕ್ಕೆ ಪ್ರಚಾರವಾಯಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ (2023) ತೇಜಸ್ವಿಯವರ ಓದುಗರು ಕೂಡಿಸಿದ ಹಣದಿಂದ ನಿರ್ಮಾಣವಾಯಿತು. ಗ್ರಂಥಮಾಲೆಯ ಚಂದಾದಾರನೂ ಚಿತ್ರದ ಪೋಷಕನೂ ಇಲ್ಲಿ ಒಬ್ಬನೇ ಆಗಿದ್ದಾನೆ. ಧಾರವಾಡದ 1933ರ ಪ್ರಯೋಗಕ್ಕೂ ಇದಕ್ಕೂ ತೊಂಬತ್ತು ವರ್ಷಗಳ ಅಂತರವಿದ್ದರೂ ಮನೋಧರ್ಮ ಒಂದೇ ಎಂದು ಹೇಳಬಹುದು.

3

ಇನ್ನು ಸ್ಥಳದ ವಿಚಾರ. ಕನ್ನಡ ಚಿತ್ರೋದ್ಯಮದ ವ್ಯವಹಾರವೆಲ್ಲವೂ ಬಹುಕಾಲ ಗಾಂಧಿನಗರದ ಸುತ್ತ ಕೇಂದ್ರೀಕೃತವಾಗಿತ್ತು. ಹೊಸ ಚಿತ್ರವನ್ನು ಮೊದಲ ದಿನವೇ ನೋಡಬೇಕೆಂಬವನು ಮೆಜೆಸ್ಟಿಕ್ಕಿಗೆ ಹೋಗುತ್ತಿದ್ದನು. 1968ರಲ್ಲಿ ಆರಂಭವಾದ ಕಪಾಲಿ ಚಿತ್ರಮಂದಿರ 2017ರಲ್ಲಿ ಮುಚ್ಚಿದುದು ಆ ಯುಗದ ಅವಸಾನವನ್ನು ಸೂಚಿಸುತ್ತದೆ. ಇತ್ತ ಮಹದೇವಪುರವು ಪ್ರತ್ಯೇಕ ನಗರಸಭೆಯಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯೊಡನೆ ವಿಲೀನವಾಯಿತು. 2025ರಲ್ಲಿ ಆ ಪಾಲಿಕೆಯನ್ನು ಐದಾಗಿ ವಿಂಗಡಿಸಿದಾಗ ಪೂರ್ವ ನಗರಪಾಲಿಕೆಯ ಪಾಲಿಗೆ ಬಂದಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ತಂತ್ರಜ್ಞಾನ ಉದ್ಯಾನವು ತಲೆಯೆತ್ತಿದ ಮೇಲೆ ಹಳ್ಳಿಗಳ ನಡುವೆ ಕಛೇರಿಗಳೂ ವಸತಿ ಸಮುಚ್ಚಯಗಳೂ ಬೆಳೆದವು. 2011ರಲ್ಲಿ ಮಹದೇವಪುರದಲ್ಲಿಯೇ ಫೀನಿಕ್ಸ್ ಮಾರ್ಕೆಟ್‌ಸಿಟಿ ಆರಂಭವಾಗಿ, ಅದರೊಡನೆ ಮಲ್ಟಿಪ್ಲೆಕ್ಸೂ ಬಂದಿತು. ಇಲ್ಲಿಂದ ಮೆಜೆಸ್ಟಿಕ್ಕಿಗೆ ನೇರವಾದ ಮೆಟ್ರೋ ಸಂಪರ್ಕ ಒದಗಿದುದು 2023ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಕೆಲಸ ಮುಗಿಸಿದವನೊಬ್ಬನು ಸಂಜೆಯ ವಾಹನಸಂದಣಿಯಲ್ಲಿ ನಗರದ ಮಧ್ಯಕ್ಕೆ ಹೋಗಿ ಚಿತ್ರವನ್ನು ನೋಡುವುದು ಸುಲಭಸಾಧ್ಯವಾಗಿರಲಿಲ್ಲ. ಪ್ರೇಕ್ಷಕನು ಗಾಂಧಿನಗರಕ್ಕೆ ಬಾರದಿದ್ದಾಗ ಗಾಂಧಿನಗರವೇ ಪ್ರೇಕ್ಷಕನಿದ್ದಲ್ಲಿಗೆ ಬರಬೇಕಾಯಿತು.

ಈ ಪ್ರದೇಶದಲ್ಲಿ ಅನೇಕ ಭಾಷೆಗಳನ್ನಾಡುವವರು ವಾಸವಾಗಿದ್ದಾರೆ. ಶಿವಮೊಗ್ಗದಿಂದಲೋ ಕಲಬುರಗಿಯಿಂದಲೋ ಇಲ್ಲಿಗೆ ಬಂದ ಕನ್ನಡಿಗನಿಗೆ ಕಛೇರಿಯಲ್ಲಿ ಕನ್ನಡ ಕಿವಿಗೆ ಬೀಳುವುದು ಅಪೂರ್ವ. ಅಂತಹವನು ಅಂತರ್ಜಾಲದ ಕರೆಯನ್ನು ಓದಿ ಭಾನುವಾರ ಬೆಳಿಗ್ಗೆ ವಿಶೇಷ ಪ್ರದರ್ಶನಕ್ಕೆ ಹೋದಾಗ, ತನ್ನ ಭಾಷೆಯವರು ಇನ್ನೂರು ಮಂದಿ ಒಂದೆಡೆ ಕುಳಿತಿರುವುದನ್ನು ಕಾಣುತ್ತಾನೆ. ಹೊರದೇಶಗಳ ಕನ್ನಡ ಕೂಟಗಳು ಬಾಡಿಗೆಯ ಚಿತ್ರಮಂದಿರದಲ್ಲಿ ಕನ್ನಡ ಚಿತ್ರವನ್ನು ಏರ್ಪಡಿಸಿದಾಗ ಉಂಟಾಗುವ ಅನುಭವವೇ, ಕರ್ನಾಟಕದ ರಾಜಧಾನಿಯೊಳಗೆಯೇ ಮರುಕಳಿಸುತ್ತದೆ. ಇದು ಸಂತೋಷದ ವಿಷಯವೋ ವಿಷಾದದ ವಿಷಯವೋ ಎಂಬುದನ್ನು ವಾಚಕರು ತೀರ್ಮಾನಿಸಬಹುದು.

4

ಈ ಪದ್ಧತಿಯ ಗುಣಗಳು ಸ್ಪಷ್ಟವಾಗಿಯೇ ಇವೆ. ಪ್ರಚಾರಕ್ಕೆ ಹಣವಿಲ್ಲದ ನಿರ್ದೇಶಕನಿಗೆ ಇದು ಆಶ್ರಯ. ಪ್ರೇಕ್ಷಕನ ಪ್ರಶ್ನೆಗೆ ನಿರ್ದೇಶಕನೇ ಉತ್ತರ ಕೊಡುವುದರಿಂದ ಇಬ್ಬರಿಗೂ ಲಾಭವುಂಟು. ಆದರೆ ಎರಡು ಕೊರತೆಗಳನ್ನು ಹೇಳದೆ ಬಿಟ್ಟರೆ ವಿವೇಚನೆ ಅಪೂರ್ಣವಾಗುತ್ತದೆ.

ಮೊದಲನೆಯದು, ಯಾರು ಬರುವುದಿಲ್ಲವೆಂಬುದು. ಅಂತರ್ಜಾಲದ ಕರೆ ತಲುಪುವುದು ಅದನ್ನು ಓದುವ ಬಿಡುವುಳ್ಳವರಿಗೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನೂ, ಮಹದೇವಪುರದ ಮಾಲಿನಲ್ಲಿಯೇ ಕಾವಲಿರುವವನೂ ಒಂದು ಕಾಲದ ಗಾಂಧಿಕ್ಲಾಸಿನ ಪ್ರೇಕ್ಷಕರ ಉತ್ತರಾಧಿಕಾರಿಗಳು. ಅವರಿಗೆ ಈ ಕರೆ ಬಹುಮಟ್ಟಿಗೆ ಕೇಳಿಸುವುದಿಲ್ಲ. ಟಿಕೇಟಿನ ದರವನ್ನು 200 ರೂಪಾಯಿಗೆ ಮಿತಿಗೊಳಿಸಲು ರಾಜ್ಯ ಸರ್ಕಾರವು 2017ರಲ್ಲಿ ಆಜ್ಞೆ ಹೊರಡಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ನಿಯಮವನ್ನು ಮಾಡಿದಾಗ, ಅದೇ ತಿಂಗಳು ಉಚ್ಚ ನ್ಯಾಯಾಲಯವು ಅದಕ್ಕೆ ಮಧ್ಯಂತರ ತಡೆ ನೀಡಿತು. ಈ ವಿವಾದವು ಮೂಲತಃ ಪ್ರೇಕ್ಷಕನೆಂದರೆ ಯಾರು ಎಂಬ ಪ್ರಶ್ನೆಯೇ ಆಗಿದೆ. ಹರಕೆಯ ಆಟದಲ್ಲಿ ಪೋಷಕನೊಬ್ಬನಿದ್ದರೂ ಚಪ್ಪರದ ಕೆಳಗೆ ಊರೆಲ್ಲ ಕೂಡುತ್ತಿತ್ತು. ವಿಶೇಷ ಪ್ರದರ್ಶನದಲ್ಲಿ ಪಟ್ಟಿಯಲ್ಲಿ ಹೆಸರುಳ್ಳವರು ಮಾತ್ರ ಕೂಡುತ್ತಾರೆ.

ಎರಡನೆಯದು ವಿಮರ್ಶೆಗೆ ಸಂಬಂಧಿಸಿದುದು. ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಜನರ ನಡೆವಳಿಕೆ. ನಿರ್ದೇಶಕನೇ ಆತಿಥೇಯನಾಗಿ ಬಾಗಿಲಲ್ಲಿ ನಿಂತು ಕೈಕುಲುಕಿ ಬರಮಾಡಿಕೊಂಡ ಮೇಲೆ, ಚಿತ್ರದ ದ್ವಿತೀಯಾರ್ಧ ಎಳೆದಂತಿದೆಯೆಂದು ಅವನೆದುರಿಗೆ ಹೇಳಲು ಎಷ್ಟು ಮಂದಿಗೆ ಬಾಯಿ ಬಂದೀತು? ನಿರ್ದೇಶಕನ ಗೈರುಹಾಜರಿಯಲ್ಲಿ ಚಿತ್ರಸಮಾಜದ ಸದಸ್ಯನಿಗೆ ಇದ್ದ ಸ್ವಾತಂತ್ರ್ಯ ಇಲ್ಲಿನ ಅತಿಥಿಗೆ ಇಲ್ಲ. ಹಣ ತೊಡಗಿಸಿದವನಿಗಂತೂ ಚಿತ್ರವು ತನ್ನದೇ ಆಗಿರುತ್ತದೆ. ತನ್ನದನ್ನು ತಾನೇ ತೂಗುವುದು ಕಷ್ಟ. ಪೋಷಣೆಯ ಧಾರೆಯು ವಿಮರ್ಶೆಯ ಧಾರೆಯನ್ನು ನುಂಗಿಬಿಡುವ ಅಪಾಯ ಹೀಗೆ ಒದಗುತ್ತದೆ. ಇದು ನಿರ್ದೇಶಕನಿಗೂ ಹಿತವಲ್ಲ. ಮೊದಲ ಇನ್ನೂರು ಮಂದಿಯ ಸೌಜನ್ಯವನ್ನು ನಂಬಿದವನು ಬಿಡುಗಡೆಯ ದಿನ ಅಪರಿಚಿತರ ಮೌನವನ್ನು ಎದುರಿಸಬೇಕಾಗುತ್ತದೆ. ಆದುದರಿಂದ ಅಭಿಮಾನಿಗಳ ಕೂಟಗಳು ಬೆಳೆಯುತ್ತಿರುವಾಗಲೇ ಸುಚಿತ್ರಾ, ನೀನಾಸಂಗಳಂತಹ ಸ್ವತಂತ್ರವಾದ ವೇದಿಕೆಗಳು ಉಳಿಯುವುದು ಅವಶ್ಯಕ. ಕಾಲೇಜುಗಳೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು.

5

ಕೊನೆಯದಾಗಿ ಆಧಾರಸಾಮಗ್ರಿಯ ವಿಷಯವಾಗಿ ಒಂದು ಮಾತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯಿಸಿದ ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಅದನ್ನು ನೋಡಿದವರು ಏನೆಂದುಕೊಂಡರೆಂಬುದಂತೂ ಅದಕ್ಕಿಂತ ಮೊದಲೇ ಅಳಿದುಹೋಯಿತು. ಇಂದಿನ ವಿಶೇಷ ಪ್ರದರ್ಶನಗಳಿಗೆ ಭಿತ್ತಿಪತ್ರಗಳಿಲ್ಲ, ಟಿಕೇಟಿನ ಚೂರುಗಳಿಲ್ಲ. ಕರೆಯೋಲೆ, ಹೆಸರುಗಳ ಪಟ್ಟಿ, ಚರ್ಚೆ, ಮೆಚ್ಚುಗೆ ಎಲ್ಲವೂ ಫೋನಿನ ಪರದೆಯ ಮೇಲೆ ಹುಟ್ಟಿ ಅಲ್ಲಿಯೇ ಮರೆಯಾಗುತ್ತವೆ. ಜಾಲತಾಣವೊಂದು ಮುಚ್ಚಿದರೆ ಒಂದು ಪೀಳಿಗೆಯ ಪ್ರೇಕ್ಷಕರ ಸಾಕ್ಷ್ಯವೇ ನಾಶವಾಗುತ್ತದೆ. ನಾವು ಹಳೆಯ ಚಿತ್ರದ ಪ್ರತಿಯನ್ನು ಕಳೆದುಕೊಂಡೆವು. ಹೊಸ ಚಿತ್ರಗಳ ಪ್ರತಿಗಳು ಉಳಿದು ಪ್ರೇಕ್ಷಕರೇ ಕಳೆದುಹೋಗುವ ಕಾಲ ಬಂದಿದೆ.

ಆದುದರಿಂದ ಇಂತಹ ಕೂಟಗಳಿಗೆ ಹೋಗುವ ವಿದ್ಯಾರ್ಥಿಗಳು ದಿನ, ಸ್ಥಳ, ಕೇಳಿದ ಪ್ರಶ್ನೆ, ದೊರೆತ ಉತ್ತರ ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೂ ಸಾಕು. ಮುಂದಿನ ಚರಿತ್ರಕಾರನಿಗೆ ಅದು ಶಾಸನಕ್ಕೆ ಸಮಾನ. ಶಿಲಾಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿನೊಡನೆ ಸಾಕ್ಷಿಗಳ ಹೆಸರನ್ನೂ ಕೆತ್ತುತ್ತಿದ್ದ ನಾಡಿಗೆ ಈ ಕ್ರಮವು ಅಪರಿಚಿತವಾದುದೇನೂ ಅಲ್ಲ.