ನಕ್ಷೆಯೂ ಒಂದು ಹಸ್ತಪ್ರತಿ: ಮೆಕೆಂಜಿಯ ಮೈಸೂರು ಮೋಜಣಿ ಮತ್ತು ಇಂದಿನ ಭೂಗೋಲ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯ ಹಂಚಿಹೋಯಿತು. ಒಂದು ಪಾಲು ಈಸ್ಟ್ ಇಂಡಿಯಾ ಕಂಪನಿಗೆ, ಒಂದು ಪಾಲು ಹೈದರಾಬಾದಿನ ನಿಜಾಮನಿಗೆ, ನಡುವಣ ಭಾಗ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಂದಿತು. ಹಂಚಿಕೊಂಡವರಿಗೆ ತಮ್ಮ ಪಾಲಿನ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ನಿಖರವಾಗಿ ತಿಳಿದಿರಲಿಲ್ಲ. ಆ ಅಗತ್ಯದಿಂದಲೇ ಮೈಸೂರು ಸೀಮೆಯ ಮೋಜಣಿ ಆರಂಭವಾಯಿತು. ಅದರ ಹೊಣೆ ಹೊತ್ತವನು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿ 1783ರಲ್ಲಿ ಮದ್ರಾಸಿಗೆ ಬಂದಿದ್ದ ಸೇನಾ ಎಂಜಿನಿಯರ್ ಕಾಲಿನ್ ಮೆಕೆಂಜಿ. ಸುಮಾರು 40,000 ಚದರ ಮೈಲಿಗಳ ನಾಡನ್ನು ತ್ರಿಕೋನ ಮಾಪನದ ವಿಧಾನದಿಂದ ಅಳೆಯುವ ಈ ಕೆಲಸ ಹೆಚ್ಚುಕಡಿಮೆ ಒಂದು ದಶಕ ನಡೆಯಿತು.

ಮೆಕೆಂಜಿಯ ಮೋಜಣಿಗೆ ಎರಡು ಮುಖಗಳಿದ್ದವು. ಒಂದು ಕಡೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆದು, ಊರು, ಕೆರೆ, ಕೋಟೆ, ದಾರಿಗಳನ್ನು ಕಾಗದದ ಮೇಲೆ ಗುರುತಿಸುವ ಕೆಲಸ. ಇನ್ನೊಂದು ಕಡೆ ಅದೇ ಊರುಗಳ ಶಾನುಭೋಗರು, ಅರ್ಚಕರು, ಮಠದವರು, ಬಸದಿಯವರು ಹೇಳಿದ್ದನ್ನು ಬರೆಸಿಕೊಳ್ಳುವ, ಶಾಸನಗಳನ್ನು ಪ್ರತಿ ಮಾಡಿಸುವ, ಓಲೆಗರಿಗಳನ್ನು ಸಂಗ್ರಹಿಸುವ ಕೆಲಸ. ಎರಡನೆಯದನ್ನು ನಡೆಸಿದವರು ದೇಶೀಯ ಪಂಡಿತರು. ಕಾವಲಿ ವೆಂಕಟ ಬೊರಯ್ಯ, 1803ರಲ್ಲಿ ಆತ ತೀರಿಕೊಂಡ ಬಳಿಕ ತಮ್ಮ ಲಕ್ಷ್ಮಯ್ಯ, ಹಾಗೆಯೇ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇವರಲ್ಲಿ ಪ್ರಮುಖರು. 1816ರಲ್ಲಿ ಥಾಮಸ್ ಹಿಕಿ ಬರೆದ ಪ್ರಸಿದ್ಧ ವರ್ಣಚಿತ್ರದಲ್ಲಿ ಮೆಕೆಂಜಿಯ ಜೊತೆ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ಓಲೆಗರಿಯ ಕಟ್ಟಿದೆ. ಹಿನ್ನೆಲೆಯಲ್ಲಿ ಬೆಟ್ಟದ ಮೇಲಿನ ಗೊಮ್ಮಟಮೂರ್ತಿ ಕಾಣುತ್ತದೆ. ಅಳತೆಯೂ ಅಕ್ಷರವೂ ಒಂದೇ ಉದ್ಯಮದ ಎರಡು ಕೈಗಳಾಗಿದ್ದವು ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ.

1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ ಮೆಕೆಂಜಿ 1821ರಲ್ಲಿ ನಿಧನನಾದ. ಆತನ ಸಂಗ್ರಹವನ್ನು ಕಂಪನಿ ಕೊಂಡುಕೊಂಡಿತು, ಎಚ್. ಎಚ್. ವಿಲ್ಸನ್ ಅದರ ಸೂಚಿಯನ್ನು 1828ರಲ್ಲಿ ಪ್ರಕಟಿಸಿದ. ಮುಂದೆ ಸಂಗ್ರಹ ಒಡೆಯಿತು. ನಕ್ಷೆಗಳ ಮತ್ತು ಚಿತ್ರಗಳ ದೊಡ್ಡ ಭಾಗ ಲಂಡನ್ನಿಗೆ ಸೇರಿತು. ದೇಶಭಾಷೆಗಳ ಕೈಫಿಯತ್ತುಗಳು ಮದ್ರಾಸಿನ ಹಸ್ತಪ್ರತಿ ಭಂಡಾರದಲ್ಲಿ ಉಳಿದವು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಅಚ್ಚಾದಾಗ ಅವುಗಳ ಸಾಹಿತ್ಯಕ, ಚಾರಿತ್ರಿಕ ಮೌಲ್ಯ ಕನ್ನಡ ಓದುಗರಿಗೆ ತಿಳಿಯಿತು. ಆದರೆ ಊರಿನ ಕಥೆ ಒಂದು ಖಂಡದಲ್ಲಿ, ಊರಿನ ಸ್ಥಾನ ಇನ್ನೊಂದು ಖಂಡದಲ್ಲಿ ಎಂಬ ವಿಯೋಗ ಹಾಗೆಯೇ ಮುಂದುವರಿಯಿತು. ಕೈಫಿಯತ್ತಿಲ್ಲದ ನಕ್ಷೆ ಮೂಕ. ನಕ್ಷೆಯಿಲ್ಲದ ಕೈಫಿಯತ್ತಿಗೆ ನೆಲೆಯಿಲ್ಲ. ಹಳೆಯ ನಕ್ಷೆಗಳನ್ನು ಗಣಕರೂಪಕ್ಕೆ ತಂದು ಇಂದಿನ ಭೂಗೋಲದೊಡನೆ ಹೊಂದಿಸುವ ಕಾರ್ಯಕ್ಕೆ ಸಾಹಿತ್ಯದ ವಿದ್ಯಾರ್ಥಿಯ ಪಾಲಿಗೆ ಮಹತ್ತ್ವ ಬರುವುದು ಇಲ್ಲಿಯೇ. ಒಡೆದ ಈ ಎರಡು ಹೋಳುಗಳನ್ನು ಮತ್ತೆ ಕೂಡಿಸಲು ಅದು ದಾರಿ ತೋರುತ್ತದೆ.

ಈ ಕಾರ್ಯಕ್ಕೆ ಜಿಯೋರೆಫರೆನ್ಸಿಂಗ್ ಎಂದು ಹೆಸರು. ಮೊದಲು ಕಾಗದದ ಹಾಳೆಯನ್ನು ಸಮತಲವಾಗಿ ಹರಡಿ ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಬೇಕು. ಬಟ್ಟೆಗೆ ಅಂಟಿಸಿ ಮಡಿಸಿಟ್ಟ ನಕ್ಷೆಗಳಲ್ಲಿ ಮಡಿಕೆಯ ಬಳಿ ತುಣುಕುಗಳ ನಡುವೆ ಅಂತರವಿರುತ್ತದೆ. ಕಾಗದವು ತೇವಕ್ಕೆ ಹಿಗ್ಗಿ, ಒಣಗಿ ಕುಗ್ಗಿರುತ್ತದೆ. ಆ ಬಳಿಕ ಹಳೆಯ ನಕ್ಷೆಯಲ್ಲಿಯೂ ಇಂದಿನ ಭೂಮಿಯಲ್ಲಿಯೂ ನಿಸ್ಸಂದೇಹವಾಗಿ ಒಂದೇ ಎನ್ನಬಹುದಾದ ಕೆಲವು ಸ್ಥಳಗಳನ್ನು ಆರಿಸಿ, ಪ್ರತಿಯೊಂದಕ್ಕೂ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಇವು ಆಧಾರಬಿಂದುಗಳು. ಇವುಗಳ ನೆರವಿನಿಂದ ಗಣಕವು ಇಡೀ ಹಾಳೆಯನ್ನು ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ಇಂದಿನ ನೆಲದ ಮೇಲೆ ಹಾಸುತ್ತದೆ. ಸರಳವಾದ ಅಫೈನ್ ಪರಿವರ್ತನೆಗೆ ಕನಿಷ್ಠ ಮೂರು ಬಿಂದುಗಳು ಸಾಕು. ಆದರೆ ಹೊಂದಿಕೆ ಎಷ್ಟು ಸರಿ ಎಂದು ಪರೀಕ್ಷಿಸಲು ಅದಕ್ಕಿಂತ ಹೆಚ್ಚಿನವು ಬೇಕು. ಹಾಸಿದ ಮೇಲೆ ಪ್ರತಿ ಬಿಂದುವೂ ತಾನು ಇರಬೇಕಾದಲ್ಲಿಂದ ಎಷ್ಟು ದೂರ ಸರಿದಿದೆ ಎಂಬ ಉಳಿಕೆ ವ್ಯತ್ಯಾಸವನ್ನೂ ಗಣಕವು ಲೆಕ್ಕ ಮಾಡಿ ತೋರಿಸುತ್ತದೆ. ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಯಾರೂ ಮಾಡಬಹುದು. ಬ್ರಿಟಿಷ್ ಲೈಬ್ರರಿಯು 2012ರಲ್ಲಿ ತನ್ನ ಹಳೆಯ ನಕ್ಷೆಗಳ ಹೊಂದಿಕೆಯನ್ನು ಸಾರ್ವಜನಿಕರ ಕೈಗೇ ಒಪ್ಪಿಸಿತು.

ಯಂತ್ರದ ಕೆಲಸ ಸುಲಭ. ಆಧಾರಬಿಂದುಗಳ ಆಯ್ಕೆ ಮಾತ್ರ ವಿದ್ವತ್ತಿನ ಕೆಲಸ. ನದಿಯ ತಿರುವು ಕಣ್ಣಿಗೆ ಎದ್ದು ಕಾಣುತ್ತದೆ, ಆದರೆ ನದಿ ಜಾಗ ಬದಲಿಸುತ್ತದೆ. ತಲಕಾಡಿನ ಮರಳನ್ನು ಕಂಡವರಿಗೆ ಕಾವೇರಿಯ ದಂಡೆಯನ್ನು ಎಷ್ಟು ನಂಬಬಹುದೆಂಬುದನ್ನು ಹೇಳಬೇಕಾಗಿಲ್ಲ. ಕೆರೆಯ ನೀರಿನ ಅಂಚು ಮಳೆಗಾಲಕ್ಕೊಂದು, ಬೇಸಗೆಗೊಂದು, ಏರಿಯನ್ನು ನಂಬಬಹುದು. ದಾರಿಗಳು ನೇರವಾಗುತ್ತವೆ, ಊರುಗಳು ಬೆಳೆಯುತ್ತವೆ. ಕಲ್ಲಿನ ಬೆಟ್ಟ, ಅದರ ನೆತ್ತಿಯ ದೇಗುಲ, ಕೋಟೆಯ ಮೂಲೆ ಇವು ಉಳಿಯುತ್ತವೆ. ಮೋಜಣಿಯವರು ಕೋನಗಳನ್ನು ಅಳೆದದ್ದೂ ಎತ್ತರದ ನೆಲೆಗಳಿಂದಲೇ ಆದುದರಿಂದ ಅಂಥ ಸ್ಥಳಗಳು ಮೂಲದಲ್ಲಿಯೇ ಹೆಚ್ಚು ನಿಖರವಾಗಿರುವ ಸಂಭವವುಂಟು. ಶ್ರವಣಬೆಳಗೊಳವನ್ನೇ ನೋಡಬಹುದು. ಚಂದ್ರಗಿರಿ, ವಿಂಧ್ಯಗಿರಿ, ನಡುವಣ ಕೊಳ ಈ ಮೂರೂ ಸಾವಿರ ವರ್ಷಗಳಿಂದ ಕದಲಿಲ್ಲ. ಹಾಸನ ಸೀಮೆಯ ಯಾವುದೇ ಹಳೆಯ ಹಾಳೆಗೆ ಇದಕ್ಕಿಂತ ದೃಢವಾದ ಆಧಾರ ಸಿಗುವುದು ಕಷ್ಟ.

ಹಾಳೆಯ ಅಂಚಿನಲ್ಲಿ ಅಕ್ಷಾಂಶ ರೇಖಾಂಶಗಳು ಅಚ್ಚಾಗಿರುವಾಗ ಇಷ್ಟೆಲ್ಲ ಶ್ರಮ ಏಕೆ ಎಂಬ ಪ್ರಶ್ನೆ ಏಳಬಹುದು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದ; 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿಯ ರೇಖೆಯಿಂದ ಮಹಾ ತ್ರಿಕೋನ ಮಾಪನದ ಸರಪಣಿ ಮುಂದುವರಿಯಿತು. ಸ್ಥಳಗಳ ನಡುವಣ ದೂರವನ್ನು ಈ ಮಾಪನ ವಿಸ್ಮಯಕರ ನಿಖರತೆಯಿಂದ ಕಂಡುಕೊಂಡಿತು. ಆದರೆ ಎಲ್ಲ ರೇಖಾಂಶಗಳೂ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು ಅವಲಂಬಿಸಿದ್ದವು. ಆ ಬೆಲೆಯೇ ಸ್ವಲ್ಪ ಹೆಚ್ಚಾಗಿತ್ತು. ಹೀಗಾಗಿ ಸರ್ವೇ ಆಫ್ ಇಂಡಿಯಾದ ಹತ್ತೊಂಬತ್ತನೆಯ ಶತಮಾನದ ಹಾಳೆಗಳ ರೇಖಾಂಶದಿಂದ ಸುಮಾರು 2 ನಿಮಿಷ 27 ಸೆಕೆಂಡುಗಳನ್ನು ಕಳೆಯಬೇಕಾಗುತ್ತದೆ. ಮೈಸೂರು ಸೀಮೆಯ ಅಕ್ಷಾಂಶದಲ್ಲಿ ಇದು ಸುಮಾರು ನಾಲ್ಕೂವರೆ ಕಿಲೋಮೀಟರ್. ಅಂಚಿನ ಅಂಕಿಗಳನ್ನೇ ನಂಬಿ ಹಾಳೆಯನ್ನು ಹಾಸಿದರೆ ಒಂದು ಊರಿನ ಬಸದಿ ಪೂರ್ವಕ್ಕೆ ಸರಿದು ಇನ್ನೊಂದು ಊರಿನ ಗದ್ದೆಯಲ್ಲಿ ನಿಲ್ಲುತ್ತದೆ. ಇದರ ಜೊತೆಗೆ 1830ರ ಎವರೆಸ್ಟ್ ಗೋಲಾಭದ ಲೆಕ್ಕಕ್ಕೂ ಇಂದಿನ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84ರ ಲೆಕ್ಕಕ್ಕೂ ಕರ್ನಾಟಕದಲ್ಲಿ ನೂರು ಮೀಟರನ್ನು ಮೀರುವ ಅಂತರವಿದೆ. ಮೊದಲನೆಯ ವ್ಯತ್ಯಾಸ ಊರನ್ನೇ ತಪ್ಪಿಸುತ್ತದೆ. ಎರಡನೆಯದು ಊರೊಳಗಿನ ಗುಡಿಯನ್ನು ತಪ್ಪಿಸುತ್ತದೆ.

ಇಲ್ಲಿ ಒಂದು ಪ್ರಲೋಭನೆ ಎದುರಾಗುತ್ತದೆ. ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಪರಿವರ್ತನೆಯು ನಕ್ಷೆಯನ್ನು ರಬ್ಬರಿನ ಹಾಳೆಯಂತೆ ಎಳೆದು, ಪ್ರತಿ ಆಧಾರಬಿಂದುವನ್ನೂ ಅದರ ಇಂದಿನ ಸ್ಥಾನಕ್ಕೆ ಕಚ್ಚಿಸುತ್ತದೆ. ಉಳಿಕೆ ವ್ಯತ್ಯಾಸ ಸೊನ್ನೆಯಾಗುತ್ತದೆ. ನೋಡುವವರಿಗೆ ಹೊಂದಿಕೆ ಪರಿಪೂರ್ಣವೆನಿಸುತ್ತದೆ. ಆದರೆ ಆ ಸೊನ್ನೆಗೆ ಪ್ರಮಾಣದ ಬೆಲೆಯಿಲ್ಲ, ಏಕೆಂದರೆ ತಪ್ಪಾಗಿ ಗುರುತಿಸಿದ ಬಿಂದುವನ್ನೂ ಅದು ಅಷ್ಟೇ ಸಲೀಸಾಗಿ ನುಂಗಿಕೊಳ್ಳುತ್ತದೆ. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಅಪಾಯ ಹೊಸದಲ್ಲ. ಹಸ್ತಪ್ರತಿಯಲ್ಲಿ ಛಂದಸ್ಸು ತಪ್ಪಿದ ಕಡೆಯಲ್ಲೆಲ್ಲ ತನ್ನ ಊಹೆಯಿಂದ ತಿದ್ದಿ, ಪಾಠಾಂತರವನ್ನು ಕೊಡದೆ ನಯವಾದ ಪಠ್ಯವನ್ನು ಅಚ್ಚು ಹಾಕಿಸುವ ಸಂಪಾದಕನು ಓದನ್ನು ಸುಗಮಗೊಳಿಸುತ್ತಾನೆ, ಸಾಕ್ಷ್ಯವನ್ನು ಅಳಿಸುತ್ತಾನೆ. ಲಿಪಿಕಾರನ ಸ್ಖಾಲಿತ್ಯವು ಪ್ರತಿಗಳ ವಂಶಾವಳಿಯನ್ನು ತಿಳಿಸುವಂತೆ ನಕ್ಷೆಯ ಸ್ಖಾಲಿತ್ಯವೂ ಅದು ಹುಟ್ಟಿದ ಬಗೆಯನ್ನು ತಿಳಿಸುತ್ತದೆ. ಇಡೀ ಹಾಳೆ ಒಂದೇ ದಿಕ್ಕಿಗೆ ಸರಿದಿದ್ದರೆ ಮೂಲದ ರೇಖಾಂಶವನ್ನು ಶಂಕಿಸಬೇಕು. ಒಂದು ಅಂಚಿನಲ್ಲಿ ಮಾತ್ರ ದೋಷ ಹೆಚ್ಚಿದರೆ ಎರಡು ತುಂಡುಗಳ ಜೋಡಣೆಯನ್ನು ನೋಡಬೇಕು. ಸುತ್ತಲಿನದೆಲ್ಲ ಸರಿಯಿದ್ದು ಒಂದೇ ಊರು ದೂರ ಸರಿದಿದ್ದರೆ ನಕಲುಗಾರನ ಕೈತಪ್ಪಿರಬಹುದು. ಅಥವಾ ಊರೇ ಎದ್ದು ಹೋಗಿ ಬೇರೆಡೆ ನೆಲೆಸಿರಬಹುದು. ಈ ಕೊನೆಯ ಸಾಧ್ಯತೆಯೇ ಚರಿತ್ರಕಾರನಿಗೆ ಅಮೂಲ್ಯ. ರಬ್ಬರಿನಂತೆ ಎಳೆದ ನಕ್ಷೆಯಲ್ಲಿ ಅದು ಮೊದಲು ಮಾಯವಾಗುತ್ತದೆ.

ಅಳತೆಯ ತೊಡಕು ಮುಗಿದ ಮೇಲೆ ಹೆಸರಿನ ತೊಡಕು. ಏಷ್ಯಾಟಿಕ್ ರಿಸರ್ಚಸ್‌ನ 9ನೆಯ ಸಂಪುಟದಲ್ಲಿ ಮೆಕೆಂಜಿಗಾಗಿ ಬೊರಯ್ಯ ಅನುವಾದಿಸಿದ ಜೈನರ ವೃತ್ತಾಂತವೊಂದು ಅಚ್ಚಾಗಿದೆ. ಪಾಶ್ಚಾತ್ಯ ವಿದ್ವಾಂಸರಿಗೆ ಜೈನಧರ್ಮದ ಪರಿಚಯ ಮಾಡಿಕೊಟ್ಟ ಮೊದಲ ಬರಹಗಳಲ್ಲಿ ಅದೊಂದು. ವೃತ್ತಾಂತವನ್ನು ಹೇಳಿದವನು ಒಬ್ಬ ಜೈನ ಪುರೋಹಿತ. ಆತನ ಊರು ಇಂಗ್ಲಿಷ್ ಕಾಗುಣಿತದಲ್ಲಿ 'ಮುದ್ಗೆರಿ' ಎಂದಿದೆ. ಕರ್ನಾಟಕದಲ್ಲಿ ಮೂಡಿಗೆರೆಯುಂಟು, ಮುದಗೆರೆಯುಂಟು, ಕಾರವಾರದ ಕಡೆ ಮುದಗೇರಿಯುಂಟು. ದೀರ್ಘ ಹ್ರಸ್ವಗಳ ಭೇದವಿಲ್ಲದ ಆ ಬರಹದ ಬಲದಿಂದ ಮಾತ್ರ ಯಾವುದನ್ನೂ ಆರಿಸಲಾಗದು. ಹಾಗೆಯೇ ಕೇವಲ 'ಬೆಳಗೊಳ' ಎಂದು ಬರೆದಿರುವಲ್ಲಿ ಅದು ಗೊಮ್ಮಟನ ಕ್ಷೇತ್ರವೋ ಶ್ರೀರಂಗಪಟ್ಟಣದ ಬಳಿಯ ಬೆಳಗೊಳವೋ ಎಂಬುದನ್ನು ಸಂದರ್ಭವೇ ತೀರ್ಮಾನಿಸಬೇಕು. ಹೊಂದಿಸಿದ ನಕ್ಷೆಯ ಉಪಯೋಗ ಇಲ್ಲಿ ಪ್ರತ್ಯಕ್ಷವಾಗುತ್ತದೆ. ನೆರೆಯ ಊರುಗಳ ಹೆಸರು, ಹತ್ತಿರದ ಕೆರೆ, ಹಾದುಹೋಗುವ ದಾರಿ ಇವುಗಳಿಂದ ಒಂದು ಹೆಸರಿಗೆ ನೆಲೆ ದೊರೆಯುತ್ತದೆ. ಆದರೆ ಹೆಸರನ್ನು ಇಂದಿನ ರೂಪಕ್ಕೆ ತಿದ್ದಿ ದಾಖಲಿಸಿದರೆ ಮುಂದಿನ ಸಂಶೋಧಕನಿಗೆ ಮರುಪರೀಕ್ಷೆಯ ಅವಕಾಶವೇ ಇರುವುದಿಲ್ಲ. ನಕ್ಷೆಯಲ್ಲಿದ್ದ ರೂಪ, ಕೈಫಿಯತ್ತಿನ ರೂಪ, ಶಾಸನದ ರೂಪ, ಇಂದಿನ ರೂಪ ಇವೆಲ್ಲವೂ ಬೇರೆಬೇರೆಯಾಗಿಯೇ ಉಳಿಯಬೇಕು. ಚಂದ್ರಗಿರಿಯನ್ನು ಶಾಸನಗಳು ಕಟವಪ್ರ, ಕಳ್ಬಪ್ಪು ಎಂದು ಕರೆದಿರುವುದನ್ನು ಬಿಟ್ಟು ಇಂದಿನ ಹೆಸರನ್ನಷ್ಟೇ ಇರಿಸಿದರೆ ಬೆಟ್ಟದ ಬಿಂದು ಸರಿಯಾಗಿಯೇ ಇರುತ್ತದೆ, ಚರಿತ್ರೆ ಮಾತ್ರ ಬರಿದಾಗುತ್ತದೆ.

ಶಾಸನಗಳ ಸಂಗಡ ನಕ್ಷೆಯನ್ನು ಓದುವಾಗ ಇನ್ನೂ ಒಂದು ಎಚ್ಚರ ಅಗತ್ಯ. ದಾನಶಾಸನಗಳು ಭೂಮಿಯ ಎಲ್ಲೆಯನ್ನು ಮರ, ಹುತ್ತ, ನಟ್ಟ ಕಲ್ಲು, ಹಳ್ಳ, ಕೆರೆಯ ಕೋಡಿಗಳಿಂದ ಹೇಳುತ್ತವೆ. ಅದೊಂದು ಮಾತಿನ ನಕ್ಷೆ. ಅದನ್ನು ನಡೆದು ತಿಳಿಯಬೇಕು. ಗಣಕವು ಅದನ್ನು ಒಂದು ಬಿಂದುವನ್ನಾಗಿ ಮಾಡಿ ದಶಾಂಶದ ಆರು ಸ್ಥಾನಗಳವರೆಗೆ ಅಂಕಿಗಳನ್ನು ಕೊಟ್ಟಾಗ ಇಲ್ಲದ ನಿಖರತೆ ಇದ್ದಂತೆ ತೋರುತ್ತದೆ. ದತ್ತಿ ಬಿಟ್ಟದ್ದು ಒಂದು ಗದ್ದೆಯ ಬಯಲು. ಪರದೆಯ ಮೇಲೆ ಕಾಣುವುದು ಒಂದು ಚುಕ್ಕೆ.

ಆದುದರಿಂದ ಹೊಂದಿಸಿದ ನಕ್ಷೆಯನ್ನು ಸಂಪಾದಿತ ಗ್ರಂಥದಂತೆಯೇ ಪ್ರಕಟಿಸುವುದು ಉಚಿತ. ಮೂಲ ಹಾಳೆಯ ತಿದ್ದದ ಚಿತ್ರ, ಆರಿಸಿದ ಆಧಾರಬಿಂದುಗಳ ಪಟ್ಟಿ, ಆರಿಸಿದ್ದಕ್ಕೆ ಕಾರಣ, ಬಳಸಿದ ಪರಿವರ್ತನೆ, ಪ್ರತಿ ಬಿಂದುವಿನ ಉಳಿಕೆ ವ್ಯತ್ಯಾಸ ಇವೆಲ್ಲವೂ ಅಡಿಟಿಪ್ಪಣಿಯ ಪಾಠಾಂತರಗಳಿದ್ದಂತೆ. ಗ್ರಂಥಾಲಯಗಳ ನಡುವೆ ಈಗ ಬಳಕೆಗೆ ಬಂದಿರುವ ಐಐಐಎಫ್ ಪದ್ಧತಿಯಲ್ಲಿ ಚಿತ್ರವನ್ನು ಮುಟ್ಟದೆಯೇ ಆಧಾರಬಿಂದುಗಳನ್ನು ಪ್ರತ್ಯೇಕವಾಗಿ ದಾಖಲಿಸಬಹುದು. ಒಬ್ಬರ ಹೊಂದಿಕೆಯನ್ನು ಇನ್ನೊಬ್ಬರು ಒಪ್ಪದಿದ್ದರೆ ಅದೇ ಚಿತ್ರಕ್ಕೆ ಬೇರೆ ಬಿಂದುಗಳನ್ನು ಕೊಟ್ಟು ತೋರಿಸಬಹುದು.

ಈ ಎಚ್ಚರದ ಬೆಲೆ ಅತ್ಯಂತ ಸ್ಪಷ್ಟವಾಗುವುದು ಮುಳುಗಿದ ನೆಲದಲ್ಲಿ. ಶರಾವತಿ ಕಣಿವೆಯ ಹಿರೇಭಾಸ್ಕರ ಅಣೆಕಟ್ಟೆಯೇ 1964ರ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಅದರ ಸುತ್ತಣ ಹಳ್ಳಿಗಳ ಮಾತೇನು? ಉಪಗ್ರಹದ ಚಿತ್ರದಲ್ಲಿ ಅಲ್ಲಿ ನೀಲಿಯಷ್ಟೇ ಇದೆ. ನೀರಿನ ನಡುವೆ ಆಧಾರಬಿಂದು ಸಿಗದು. ಸುತ್ತಲಿನ ಬೆಟ್ಟಗಳಿಂದಲೇ ಒಳಗಿನ ಊರನ್ನು ಅಂದಾಜಿಸಬೇಕು. ಹಳೆಯ ನಕ್ಷೆ ಎಲ್ಲಿ ಅತ್ಯಂತ ಅಗತ್ಯವೋ ಅಲ್ಲಿಯೇ ಅದನ್ನು ಪರೀಕ್ಷಿಸುವ ಸಾಧನ ಅತ್ಯಂತ ಕಡಿಮೆ.

ಕನ್ನಂಬಾಡಿಯ ಕಥೆ ಇನ್ನೂ ಸೂಕ್ಷ್ಮ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರು ಏರಿದಂತೆ ಕಾವೇರಿ ತೀರದ ಆ ಊರೂ ಅಲ್ಲಿನ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿದವು. ಜನ ಬೇರೆಡೆ ನೆಲೆಸಿದರು, ಹೆಸರನ್ನೂ ಕೊಂಡೊಯ್ದರು; ಇತ್ತೀಚಿನ ದಶಕಗಳಲ್ಲಿ ದೇವಾಲಯದ ಕಲ್ಲುಗಳನ್ನೂ ಹೊಸ ಕನ್ನಂಬಾಡಿಗೆ ಸಾಗಿಸಿ ಮರುನಿರ್ಮಾಣ ಮಾಡಲಾಯಿತು. ಇಂದು ಊರೂ ಗುಡಿಯೂ ಒಂದೆಡೆ ಇವೆ, ಎರಡೂ ಹಳೆಯ ನೆಲೆಯಲ್ಲಿಲ್ಲ. ಹೆಸರು ಹೊಂದಿತೆಂದು, ಗುಡಿ ಹೊಂದಿತೆಂದು ಇದನ್ನು ಆಧಾರಬಿಂದುವಾಗಿ ಆರಿಸಿದವನು ಮೆಕೆಂಜಿಯ ಕಾಲದ ಹಾಳೆಯನ್ನು ಇಪ್ಪತ್ತನೆಯ ಶತಮಾನದ ಸ್ಥಳಾಂತರಕ್ಕೆ ತಕ್ಕಂತೆ ಬಗ್ಗಿಸುತ್ತಾನೆ. ಹಾಗೆ ಬಗ್ಗಿಸದೆ ಉಳಿದವನ ಪರದೆಯ ಮೇಲೆ ಮಾತ್ರ ನೀರಿನ ನಡುವೆ ಒಂದು ಊರಿನ ಹೆಸರು ಕಾಣಿಸಿಕೊಳ್ಳುತ್ತದೆ. ಕನ್ನಂಬಾಡಿಯ ಹಳೆಯ ದಾಖಲೆಗಳೆಲ್ಲವೂ ಸೇರಬೇಕಾದ ಸ್ಥಳ ಅದೇ.