ಹಿತ್ತಾಳೆ ಕೊಳಗದ ಮೇಲಿನ ಮೂರಕ್ಷರ

ನಮ್ಮ ತಾಯಿಯವರು ತೀರಿಕೊಂಡು ವರ್ಷ ತುಂಬಿದ ಮೇಲೆ ಮನೆಯ ಪಾತ್ರೆಪಡಗಗಳನ್ನು ಹಂಚಿಕೊಳ್ಳುವ ದಿನ ಬಂದಿತು. ತಾಯಿಯ ಪಾತ್ರೆ ಮಗಳಿಗೆ ಸೇರಬೇಕೆಂಬುದು ನಮ್ಮ ಮನೆಯ ವಾಡಿಕೆ. ಆದಕಾರಣ ಅವರ ಮದುವೆಯಲ್ಲಿ ಬಂದಿದ್ದ ಹಿತ್ತಾಳೆ ಕೊಳಗವು ನನ್ನ ತಂಗಿಯ ಪಾಲಿಗೆ ಹೋಗುವುದೆಂದು ನಿಶ್ಚಯವಾಯಿತು. ಅದರಲ್ಲಿ ನನ್ನ ತಕರಾರೇನೂ ಇರಲಿಲ್ಲ. ಆದರೆ ಕೊಳಗದ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ್ದ ಅಮ್ಮನ ಹೆಸರಿನ ಮೂರಕ್ಷರಗಳು ನನ್ನ ಮನಸ್ಸನ್ನು ಹಿಡಿದುಕೊಂಡವು. ಅರವತ್ತು ವರ್ಷಗಳಿಗೂ ಮಿಗಿಲಾಗಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದ್ದರಿಂದ ಚುಕ್ಕೆಗಳು ಸವೆದು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂತಾಗಿದ್ದವು.

ನಮ್ಮ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಊರಿನ ಮದುವೆಗಳಿಗೆ ಎರವಲು ಹೋಗಿ ಬಂದ ಪಾತ್ರೆಗಳ ರಾಶಿಯಲ್ಲಿ ತಮ್ಮ ಕೊಳಗವನ್ನು ಆ ಅಕ್ಷರಗಳ ಆಕಾರದಿಂದಲೇ ಗುರುತು ಹಿಡಿದು ಎತ್ತಿಕೊಳ್ಳುತ್ತಿದ್ದರು. ಓದಲು ಬಾರದವರೂ ಗುರುತಿಸುತ್ತಿದ್ದ ಆ ಬರಹ ಅಳಿಸಿಹೋಗುವುದಕ್ಕೆ ಮುನ್ನ ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಹೊರಟಾಗ ನಾನು ಕಂಡ ಸಂಗತಿಗಳೇ ಈ ಲೇಖನಕ್ಕೆ ಕಾರಣ.

ಲೋಹದ ಮೇಲೆ ಅಕ್ಷರ ಬರೆಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು ಗಂಗ ಅರಸರ ರಾಜಧಾನಿಯಾಗಿತ್ತೆಂಬುದನ್ನು ಓದುಗರು ಬಲ್ಲರು. ಗಂಗರು ಭೂದಾನಗಳನ್ನು ತಾಮ್ರದ ಪಟಗಳ ಮೇಲೆ ಕೆತ್ತಿಸಿ ಕೊಡುತ್ತಿದ್ದರು. ಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಗೆ ಆನೆಯ ಮುದ್ರೆಯನ್ನು ಒತ್ತುತ್ತಿದ್ದರು. ಬರಹ ಸವೆಯದಿರಲೆಂದು ಪಟದ ಅಂಚುಗಳನ್ನು ತುಸು ಎತ್ತರಿಸುವುದೂ ಇತ್ತು. ತಾಮ್ರಶಾಸನಗಳಲ್ಲಿ ಸಾಮಾನ್ಯವಾಗಿ ಬಲ್ಲವನೊಬ್ಬನು ಮೊದಲು ಮಸಿಯಿಂದ ಬರೆದುಕೊಡುತ್ತಿದ್ದನು. ಕೆತ್ತುವವನು ಆ ಗೆರೆಯ ಮೇಲೆ ಉಳಿ ನಡೆಸುತ್ತಿದ್ದನು. ಕೆತ್ತುವವನಿಗೆ ಓದು ಬರಲೇಬೇಕೆಂಬ ನಿಯಮವಿರಲಿಲ್ಲ. ಅಕ್ಷರ ಬಿಟ್ಟುಹೋದದ್ದು, ಒಂದರ ಬದಲು ಇನ್ನೊಂದು ಬಿದ್ದದ್ದು, ಹೀಗೆ ಶಾಸನಗಳಲ್ಲಿ ಕಾಣುವ ತಪ್ಪುಗಳಿಗೆ ಇದೂ ಒಂದು ಕಾರಣ.

ಎರಡು ಕೆಲಸವನ್ನೂ ಬಲ್ಲವರೂ ಇದ್ದರು. ಶ್ರೀಪುರುಷ ರಾಜನ ಕಾಲದ, ಸುಮಾರು 776ರ ದೇವರಹಳ್ಳಿ ತಾಮ್ರಶಾಸನವನ್ನು ಬರೆದವನು ತನ್ನನ್ನು ವಿಶ್ವಕರ್ಮಾಚಾರ್ಯನೆಂದು ಕರೆದುಕೊಂಡು, ತಾನು ಚಿತ್ರಕಲೆಯನ್ನು ಬಲ್ಲವನೆಂದು ಹೇಳಿಕೊಂಡಿದ್ದಾನೆ. ಅರಸನ ದಾನಪತ್ರದಲ್ಲಿ ಕುಶಲಕರ್ಮಿಗೂ ಒಂದು ಸಾಲಿನ ಜಾಗ ದೊರೆತದ್ದು ಸಾಮಾನ್ಯವಾದ ಗೌರವವಲ್ಲ.

ಬಿ. ಎಲ್. ರೈಸ್ ಅವರು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು 1894ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ತಾಮ್ರಪಟಗಳ ವಿಷಯವಾಗಿ ಅವರಿಗೂ ಜೆ. ಎಫ್. ಫ್ಲೀಟ್ ಅವರಿಗೂ ದೀರ್ಘವಾದ ವಾದವೇ ನಡೆಯಿತು. ಇವುಗಳಲ್ಲಿ ಹಲವು ನಂತರದ ಕಾಲದವರು ಸೃಷ್ಟಿಸಿದ ಖೊಟ್ಟಿ ಪತ್ರಗಳೆಂಬುದು ಫ್ಲೀಟರ ಪಕ್ಷ. ಅವರು ಆಧಾರವಾಗಿ ಹಿಡಿದವುಗಳಲ್ಲಿ ಮುಖ್ಯವಾದದ್ದು ಅಕ್ಷರಗಳ ರೂಪ. ಪತ್ರವು ತಾನು ಇಂಥ ವರ್ಷದ್ದೆಂದು ಹೇಳಿಕೊಂಡರೂ ಅದರ ಅಕ್ಷರದ ತಿರುವು ಬೇರೆ ಶತಮಾನದ ಕೈಯನ್ನು ತೋರಿಸಿಬಿಡುತ್ತದೆ. ರೈಸರು ಎಲ್ಲವನ್ನೂ ಒಪ್ಪಲಿಲ್ಲ. ಇಬ್ಬರಲ್ಲಿ ಯಾರು ಸರಿಯೆಂಬ ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗಿಲ್ಲ. ಕೆತ್ತಿದವನ ಕೈ ಅಕ್ಷರದಲ್ಲಿ ಉಳಿಯುತ್ತದೆ ಎಂಬುದಷ್ಟೇ ನಮಗೆ ಮುಖ್ಯ.

ನಮ್ಮ ಬಾಲ್ಯದಲ್ಲಿ ಪಾತ್ರೆ ಅಂಗಡಿಯ ಜಗಲಿಯ ಮೇಲೆ ಕುಳಿತು ಹೆಸರು ಕೆತ್ತುತ್ತಿದ್ದವರೂ ಇದೇ ಪರಂಪರೆಯವರು. ಸಣ್ಣ ಮೊಳೆಯಂಥ ಉಳಿ, ಪುಟ್ಟ ಸುತ್ತಿಗೆ. ಟಕಟಕ ಸದ್ದಿನೊಂದಿಗೆ ನೋಡನೋಡುತ್ತಿದ್ದಂತೆ ಚುಕ್ಕೆಗಳು ಸಾಲುಗಟ್ಟಿ ಹೆಸರಾಗುತ್ತಿದ್ದವು. ಮುಂದೆ ವಿದ್ಯುತ್ ಯಂತ್ರ ಬಂದು ಅದೇ ಕೆಲಸವನ್ನು ಗುಂಯ್‌ಗುಟ್ಟುತ್ತ ಮಾಡತೊಡಗಿತು. ಆಗಲೂ ಗೆರೆ ಎಳೆಯುತ್ತಿದ್ದುದು ಮನುಷ್ಯನ ಕೈಯೇ.

ಇನ್ನು ಇಂದಿನ ಕಾಲಕ್ಕೆ ಬರೋಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಅವನ ತಂದೆ ನರಸೀಪುರದ ಕಡೆಯ ಹಳ್ಳಿಯಲ್ಲಿ ಕುಲುಮೆ ನಡೆಸಿದವರು. ನೇಗಿಲ ಗುಳ ತಟ್ಟಿ, ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸಿ ಮಕ್ಕಳನ್ನು ಓದಿಸಿದವರು. ಆ ಕುಲುಮೆಯ ಕೊಟ್ಟಿಗೆಯಲ್ಲೇ ಮಗನು ಗಣಕಯಂತ್ರದಿಂದ ನಡೆಯುವ ಪ್ಲಾಸ್ಮಾ ಕಟ್ಟರ್ ಒಂದನ್ನು ಇಟ್ಟುಕೊಂಡು, ರಜೆಯ ದಿನಗಳಲ್ಲಿ ಮನೆಯ ಹೆಸರಿನ ಫಲಕ, ಗೇಟಿನ ಜಾಲರಿ, ಗೋಡೆಗೆ ತೂಗುಹಾಕುವ ನಂದಿ, ಗಂಡಭೇರುಂಡಗಳನ್ನು ಕತ್ತರಿಸುತ್ತಾನೆ.

ಯಂತ್ರದ ತತ್ತ್ವ ಸರಳವಾದುದು. ಒತ್ತಡದ ಒಣ ಗಾಳಿಯನ್ನು ಕಿರಿದಾದ ತೂತಿನ ಮೂಲಕ ನುಗ್ಗಿಸಿ, ಅದರೊಳಗೆ ವಿದ್ಯುತ್ ಚಾಪವನ್ನು ಹರಿಸಿದರೆ ಗಾಳಿಯೇ ಪ್ಲಾಸ್ಮಾ ಸ್ಥಿತಿಗೆ ಬರುತ್ತದೆ. ಕಬ್ಬಿಣ ಕರಗುವುದು 1,538 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಈ ಜ್ವಾಲೆಯ ಬಿಸಿ ಅದರ ಹತ್ತು ಪಟ್ಟನ್ನೂ ಮೀರುತ್ತದೆ. ಲೋಹ ಕರಗುತ್ತದೆ, ಕರಗಿದ್ದನ್ನು ಗಾಳಿ ಕೆಳಕ್ಕೆ ಊದಿಬಿಡುತ್ತದೆ. ವಿದ್ಯುತ್ ಹರಿಯುವ ಯಾವ ಲೋಹವನ್ನಾದರೂ ಹೀಗೆ ಕತ್ತರಿಸಬಹುದು. ಮರಕ್ಕೂ ಕಲ್ಲಿಗೂ ಇದು ನಡೆಯದು. ಅಮೆರಿಕದಲ್ಲಿ ರಾಬರ್ಟ್ ಗೇಜ್ ಎಂಬುವರು ಇದಕ್ಕೆ 1957ರಲ್ಲಿ ಪೇಟೆಂಟ್ ಪಡೆದರು. ಅಂಕಿಗಳ ಆಜ್ಞೆಯಂತೆ ತಾನಾಗಿ ಚಲಿಸುವ ಯಂತ್ರವನ್ನು ಅಲ್ಲಿಯ ಎಂಐಟಿ ಸಂಸ್ಥೆಯವರು 1952ರಲ್ಲೇ ತೋರಿಸಿದ್ದರು. ಆಗ ಆಜ್ಞೆಗಳು ರಂಧ್ರ ಕೊರೆದ ಕಾಗದದ ಪಟ್ಟಿಯ ಮೇಲಿರುತ್ತಿದ್ದವು. ದೊಡ್ಡ ಕಾರ್ಖಾನೆಗಳ ಸೊತ್ತಾಗಿದ್ದ ಇವೆರಡೂ ಕೂಡಿಕೊಂಡು ಈಗ ಹಳ್ಳಿಯ ಕೊಟ್ಟಿಗೆಗೆ ಬಂದಿವೆ.

ನಾನು ತೆಳುವಾದ ಕಾಗದವನ್ನು ಕೊಳಗದ ಮೇಲೆ ಹಾಸಿ, ಸೀಸದಕಡ್ಡಿಯಿಂದ ಉಜ್ಜಿ ಅಮ್ಮನ ಹೆಸರಿನ ಪಡಿಯಚ್ಚು ತೆಗೆದುಕೊಂಡು ಅವನ ಬಳಿಗೆ ಹೋದೆ.

"ಸಾರ್, ಇಷ್ಟೆಲ್ಲ ಯಾಕೆ? ಹೆಸರು ಹೇಳಿ, ಒಳ್ಳೆಯ ಫಾಂಟಿನಲ್ಲಿ ಐದು ನಿಮಿಷಕ್ಕೆ ಮಾಡಿಕೊಡ್ತೀನಿ" ಎಂದನು. ಪರೀಕ್ಷೆಗೆಂದು ಎರಡು ಮಿಲಿಮೀಟರ್ ದಪ್ಪದ ತಗಡಿನಲ್ಲಿ ಕತ್ತರಿಸಿಯೂ ತೋರಿಸಿದನು. ಕಪ್ಪು ಕನ್ನಡಕ ಹಾಕಿಕೊಂಡು ನೋಡುತ್ತ ನಿಂತೆ. ಕಿಡಿಗಳು ಕೆಳಗಿನ ನೀರಿನ ತೊಟ್ಟಿಗೆ ಸುರಿದವು. ಅವುಗಳ ಹಿಂದೆಯೇ ಹೆಸರಿನ ಸೊನ್ನೆಯ ನಡುಭಾಗವೂ ಟಣ್ಣೆಂದು ನೀರಿಗೆ ಬಿದ್ದಿತು. ಸೊನ್ನೆಯಿದ್ದ ಜಾಗದಲ್ಲಿ ಬರಿಯ ತೂತು ಉಳಿಯಿತು.

ಇದು ನಮ್ಮ ಲಿಪಿಯ ಗುಣ. ಅಕ್ಷರವನ್ನು ತಗಡಿನಲ್ಲಿ ಕಿಂಡಿಯಾಗಿ ಕತ್ತರಿಸಿದರೆ ಮುಚ್ಚಿದ ಸುತ್ತುಗಳ ಹೊಟ್ಟೆ ಕಳಚಿ ಬೀಳುತ್ತದೆ. ಅಕ್ಷರವನ್ನೇ ಉಳಿಸಿ ಸುತ್ತಲಿನ ತಗಡನ್ನು ತೆಗೆದರೆ 'ಠ'ಕಾರದ ನಡುವಿನ ಚುಕ್ಕೆ ನಿಲ್ಲುವುದಿಲ್ಲ. ಕೆಲವು ಫಾಂಟುಗಳಲ್ಲಿ ಒತ್ತಕ್ಷರವೂ ಬೇರ್ಪಡುತ್ತದೆ. ನಾಗರಿಯಲ್ಲಿ ಇಡೀ ಪದವನ್ನು ಮೇಲುಗೆರೆಯೊಂದು ಹಿಡಿದುಕೊಂಡಿರುತ್ತದೆ. ನಮ್ಮ ತಲೆಕಟ್ಟು ಅವರವರ ತಲೆಗೆ ಮಾತ್ರ. ಆದ್ದರಿಂದ ಕನ್ನಡದ ಹೆಸರಿಗೆ ಅಡಿಯಲ್ಲಿ ಒಂದು ಪಟ್ಟಿಯನ್ನೋ ನಡುವೆ ಸೇತುವೆಗಳನ್ನೋ ಇಡಬೇಕಾಗುತ್ತದೆ. ಅದನ್ನು ಎಲ್ಲಿ ಇಡಬೇಕೆಂಬುದನ್ನು ಯಂತ್ರ ಹೇಳದು. "ಇದಕ್ಕೆ ಅಕ್ಷರ ಗೊತ್ತಿಲ್ಲ ಸಾರ್, ಗೆರೆ ಮಾತ್ರ ಗೊತ್ತು" ಎಂದನು ಹುಡುಗ. ಮಸಿಯ ಗೆರೆಯ ಮೇಲೆ ಉಳಿ ನಡೆಸುತ್ತಿದ್ದ ಗಂಗರ ಕಾಲದವನು ನನಗೆ ನೆನಪಾದನು.

ಅಷ್ಟರಲ್ಲಿ ಜಗಲಿಯಲ್ಲಿ ಕುಳಿತಿದ್ದ ಅವನ ತಂದೆ ಆ ಪಡಿಯಚ್ಚನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಮೇಷ್ಟ್ರೇ, ಇದನ್ನು ಕೆತ್ತಿದವನು ಕೆಲಸ ಬಲ್ಲವನು. ಎಲ್ಲೆಲ್ಲಿ ಕೈ ತಿರುಗಿಸಿದ್ದಾನೋ ಅಲ್ಲಿ ಚುಕ್ಕೆ ವಿರಳ ಮಾಡಿದ್ದಾನೆ, ನೋಡಿ. ಅಲ್ಲೇ ಕಬ್ಬಿಣ ಬಿಡಿ, ಬೀಳೋದಿಲ್ಲ" ಎಂದರು. ಪ್ರತಿಯೊಂದು ಚುಕ್ಕೆಯನ್ನೂ ಬೇರೆಯಾಗಿ ತೂತು ಮಾಡಿದರೆ ಯಂತ್ರದ ನಳಿಕೆ ಬೇಗ ಸವೆಯುತ್ತದೆಂದು ಮಗನು ಹೇಳಿದ್ದರಿಂದ, ಚುಕ್ಕೆಗಳನ್ನು ಕಿರುಗೆರೆಗಳಾಗಿ ಕೂಡಿಸಿ, ತಂದೆ ತೋರಿಸಿದ ಕಡೆಗಳಲ್ಲೆಲ್ಲ ಜಾಗ ಬಿಡುವುದೆಂದು ತೀರ್ಮಾನವಾಯಿತು. ಹುಡುಗನು ಪಡಿಯಚ್ಚಿನ ಚಿತ್ರ ತೆಗೆದು, ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ಅದರ ಮೇಲೆಯೇ ಗೆರೆ ಎಳೆಯುತ್ತ ಎರಡು ಸಂಜೆ ಕುಳಿತನು. ಇಂಥ ಕೆಲಸ ಇದೇ ಮೊದಲು ಸಾರ್, ಉಳಿದದ್ದೆಲ್ಲ ಅಂತರಜಾಲದಿಂದ ಇಳಿಸಿಕೊಂಡ ನಕ್ಷೆ ಎಂದು ತಾನಾಗಿಯೇ ಹೇಳಿದನು. ನಿಜ, ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯುದ್ದಕ್ಕೂ ಗೇಟುಗಳ ಮೇಲೆ ಅದೇ ಮರ, ಅದೇ ನವಿಲು, ಅದೇ ಗಣಪತಿಯನ್ನು ನಾನೂ ನೋಡಿದ್ದೇನೆ. ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಯಾವ ಕೈಯ ಗೆರೆಯನ್ನು ಕೊಟ್ಟರೂ ಅದು ನಿಷ್ಠೆಯಿಂದ ಕತ್ತರಿಸುತ್ತದೆ. ನಾವು ನಮ್ಮ ಕೈಯ ಗೆರೆ ಕೊಡುತ್ತಿಲ್ಲ, ಅಷ್ಟೆ.

ಕತ್ತರಿಸುವ ಮುನ್ನ ಅವನು ಒಂದು ಮಾತು ಕೇಳಿದನು. "ಸಾರ್, ಕೊನೆಯ ಅಕ್ಷರಕ್ಕೆ ಒತ್ತು ಬಿಟ್ಟುಹೋಗಿದೆ. ಸೇರಿಸಲಾ?"

ಹೌದು, ಕೊನೆಯ 'ಮ'ಕಾರಕ್ಕೆ ಒತ್ತು ಇರಲಿಲ್ಲ. ಮೂವತ್ತು ವರ್ಷಗಳ ಕಾಲ ಒತ್ತಕ್ಷರ ಬಿಟ್ಟ ಮಕ್ಕಳ ಪುಸ್ತಕಗಳಿಗೆ ಕೆಂಪು ಗೆರೆ ಎಳೆದವನು ನಾನು. ಅವನ ಪುಸ್ತಕದಲ್ಲೂ ಎಳೆದಿದ್ದೇನೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದನು. ಶಾಸನಗಳನ್ನು ಸಂಪಾದಿಸುವ ವಿದ್ವಾಂಸರು ಮೂಲದಲ್ಲಿ ತಪ್ಪಿದ್ದರೆ ಅದನ್ನು ಹಾಗೆಯೇ ಅಚ್ಚು ಹಾಕಿ, ಸರಿಯಾದ ರೂಪವನ್ನು ಪಕ್ಕದಲ್ಲೋ ಅಡಿಯಲ್ಲೋ ಸೂಚಿಸುತ್ತಾರೆ, ಮೂಲವನ್ನು ತಿದ್ದುವುದಿಲ್ಲ. ಅದಕ್ಕಿಂತಲೂ ಮಿಗಿಲಾಗಿ, ನಮ್ಮ ತಾಯಿ ಗುರುತಿಟ್ಟುಕೊಂಡಿದ್ದುದು ಒತ್ತಿಲ್ಲದ ಆ ಆಕಾರವನ್ನೇ. ವ್ಯಾಕರಣಕ್ಕೆ ಸರಿಯಾಗಿ ತಿದ್ದಿದ ಹೆಸರನ್ನು ಪಾತ್ರೆಯ ಮೇಲೆ ಕಂಡಿದ್ದರೆ ಅವರು ಅದು ಬೇರೆಯವರ ಕೊಳಗವೆಂದು ಬಿಟ್ಟುಬರುತ್ತಿದ್ದರು.

"ಬೇಡಪ್ಪ, ಹಾಗೆಯೇ ಇರಲಿ" ಎಂದೆ.

ಅಂಚಿಗೆ ಅಂಟಿದ್ದ ಕಿಟ್ಟವನ್ನು ಅವನ ತಂದೆಯೇ ಹಳೆಯ ಉಳಿಯಿಂದ ತಟ್ಟಿ ಬಿಡಿಸಿ, ಅರದಿಂದ ಉಜ್ಜಿಕೊಟ್ಟರು. ರೆಡ್ ಆಕ್ಸೈಡ್ ಬಳಿದು, ಮೇಲೆ ಕರಿಯ ಬಣ್ಣ ಹಚ್ಚಿದ ಫಲಕವು ಈಗ ನಮ್ಮ ಬಾಗಿಲ ಪಕ್ಕದಲ್ಲಿದೆ. ಕೊಳಗ ತಂಗಿಯ ಮನೆ ಸೇರಿತು. ಬಂದವರಲ್ಲಿ ಕೆಲವರು ಫಲಕವನ್ನು ನೋಡಿ, "ಏನು ಮೇಷ್ಟ್ರೇ, ನಿಮ್ಮ ಮನೆಯಲ್ಲೇ ಕಾಗುಣಿತ ತಪ್ಪಿದೆಯಲ್ಲ" ಎನ್ನುವುದುಂಟು. ಅವರನ್ನು ಕೂರಿಸಿ, ಕಾಫಿ ಕೊಟ್ಟು, ತಲಕಾಡಿನಿಂದ ಕಥೆ ಆರಂಭಿಸುತ್ತೇನೆ.