ರಾಧಾಬಜಾರಿನಿಂದ ಜಾಲಹಳ್ಳಿಗೆ: ಹಳೆಯ ವಾಚುಗಳ ಹವ್ಯಾಸ ಬೆಳೆದ ಬಗೆ

ಕಾಳಿಘಾಟ್‌ನಲ್ಲಿ ಮೆಟ್ರೊ ಹತ್ತಿ, ಸೆಂಟ್ರಲ್‌ನಲ್ಲಿ ಇಳಿದು ಲಾಲ್‌ಬಜಾರ್ ಕಡೆಗೆ ನಡೆದರೆ ರಾಧಾಬಜಾರ್ ಸಿಗುತ್ತದೆ. ಕೋಲ್ಕತ್ತದ ಗಡಿಯಾರದ ವ್ಯಾಪಾರ ಮತ್ತು ರಿಪೇರಿ ತಲೆಮಾರುಗಳಿಂದ ನೆಲೆನಿಂತ ಜಾಗ ಇದು. ಹಳೆಯ ವಾಚುಗಳನ್ನು ಹುಡುಕಿ ತಂದು, ಬಿಚ್ಚಿ, ಮತ್ತೆ ಓಡುವಂತೆ ಮಾಡಿ ಇಟ್ಟುಕೊಳ್ಳುವ ಹವ್ಯಾಸದ ಚರಿತ್ರೆಯನ್ನು ಸಾಮಾನ್ಯವಾಗಿ ಸ್ವಿಸ್ ಕಂಪನಿಗಳಿಂದ ಶುರುಮಾಡುತ್ತಾರೆ. ನಮ್ಮ ದೇಶದ ಮಟ್ಟಿಗೆ ಅದು ರಿಪೇರಿಯವರಿಂದ ಶುರುವಾಗಬೇಕು. ಅರವತ್ತು, ಎಪ್ಪತ್ತು ವರ್ಷದ ವಾಚುಗಳು ಇವತ್ತು ಸಂಗ್ರಹಕಾರರ ಕೈಗೆ ಓಡುವ ಸ್ಥಿತಿಯಲ್ಲಿ ಸಿಗುತ್ತಿದ್ದರೆ, ನಡುವಿನ ದಶಕಗಳಲ್ಲಿ ಅವನ್ನು ಎಸೆಯದೆ ಮತ್ತೆಮತ್ತೆ ರಿಪೇರಿ ಮಾಡಿದವರೇ ಅದಕ್ಕೆ ಕಾರಣ.

ಆ ಪರಂಪರೆಯ ಬೇರು ಕಲ್ಕತ್ತದಲ್ಲಿ ಆಳವಾಗಿದೆ. ಆರ್ಕಾಟಿನ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್ ಮದ್ರಾಸಿನ ಒಡವೆ ಅಂಗಡಿಯೊಂದರಲ್ಲಿದ್ದ ಕುಶಲಕರ್ಮಿ. ಸರ್ವೆ ಇಲಾಖೆಯವರು 1820ರ ದಶಕದಲ್ಲಿ ಅವರನ್ನು ಕಲ್ಕತ್ತಕ್ಕೆ ಕರೆತಂದರು. ದೇಶವನ್ನು ಅಳೆಯಲು ಬಳಸುತ್ತಿದ್ದ ಥಿಯೊಡೊಲೈಟ್ ಎಂಬ ಕೋನಮಾಪಕಗಳು ಕೆಟ್ಟರೆ ಇಂಗ್ಲೆಂಡಿಗೆ ಕಳಿಸಿ ತರಿಸಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ಸರ್ವೆಯ ಮುಖ್ಯಸ್ಥ ಜಾರ್ಜ್ ಎವರೆಸ್ಟ್ ಮೊಹ್ಸಿನ್ ಹುಸೇನರ ಕೈಚಳಕವನ್ನು ಮೆಚ್ಚಿದ. ಇಂಗ್ಲಿಷ್ ಓದಲು ಬಾರದಿದ್ದರೂ 1843ರಲ್ಲಿ ಅವರು ಸರ್ಕಾರದ ಉಪಕರಣ ತಯಾರಕರ ಹುದ್ದೆಗೆ ಏರಿದರು. ಅವರು ಕೆಲಸ ಮಾಡುತ್ತಿದ್ದ, 1830ರಲ್ಲಿ ಶುರುವಾಗಿದ್ದ ಉಪಕರಣ ಕಚೇರಿಯೇ ಮುಂದೆ ಕಾಳಿಘಾಟ್‌ನಿಂದ ದೂರವಲ್ಲದ ಜಾದವಪುರದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಾರ್ಖಾನೆಯಾಯಿತು. ಸಣ್ಣ ಹಿತ್ತಾಳೆ ಚಕ್ರಗಳ ಮುಂದೆ ಕೂತು ತಪ್ಪು ಕಂಡುಹಿಡಿಯುವ ವಿದ್ಯೆಗೆ ಈ ನಾಡಿನಲ್ಲಿ ಸಿಕ್ಕ ದೊಡ್ಡ ಮನ್ನಣೆ ಅದು ಎಂದು ನಾನು ತಿಳಿದಿದ್ದೇನೆ.

ಕೈಗಡಿಯಾರಗಳು ಬಂದದ್ದು ಆಮೇಲೆ. ಗಡಿಯಾರದ ವ್ಯಾಪಾರಿಗಳಾದ ಕುಕ್ ಅಂಡ್ ಕೆಲ್ವಿ 1858ರಲ್ಲೇ ಕಲ್ಕತ್ತದಲ್ಲಿ ಅಂಗಡಿ ತೆರೆದಿತ್ತು. ಸ್ವಿಸ್ ಕಂಪನಿ ಫಾವ್ರ್ ಲ್ಯೂಬಾ 1865ರಿಂದ ಭಾರತದೊಡನೆ ವ್ಯಾಪಾರ ಬೆಳೆಸಿತು. 1886ರಲ್ಲಿ ಶುರುವಾದ ವೆಸ್ಟ್ ಎಂಡ್ ವಾಚ್ ಕಂಪನಿ ತನ್ನ ಡಯಲುಗಳ ಮೇಲೆ ಬೊಂಬಾಯಿ, ಕಲ್ಕತ್ತ ಎರಡರ ಹೆಸರನ್ನೂ ಅಚ್ಚುಹಾಕುತ್ತಿತ್ತು. ಅದರ ‘ಸೋವಾರ್’ ಸೈನಿಕರ ಮೆಚ್ಚಿನ ವಾಚು. ಬಿದ್ದರೆ ಬ್ಯಾಲೆನ್ಸ್ ಕಡ್ಡಿ (ವಾಚಿನ ಗತಿ ಹಿಡಿಯುವ ಬ್ಯಾಲೆನ್ಸ್ ಚಕ್ರದ ಅಚ್ಚು) ಮುರಿಯದಂತೆ ಕಾಯುವ ಇಂಕಾಬ್ಲಾಕ್ ವ್ಯವಸ್ಥೆ 1934ರಲ್ಲಿ ಬಂದಾಗ ಅದನ್ನು ಅಳವಡಿಸಿಕೊಂಡ ಮೊದಲಿಗರಲ್ಲಿ ಈ ಕಂಪನಿಯೂ ಒಂದು. ಆ ದಿನಗಳ ಕಲ್ಕತ್ತಕ್ಕೆ ತನ್ನದೇ ಸಮಯವಿತ್ತು. 1906ರಲ್ಲಿ ಭಾರತೀಯ ಪ್ರಮಾಣಿತ ಸಮಯ ಬಂದ ಮೇಲೂ ಊರು ಅದನ್ನು ಬಿಡಲಿಲ್ಲ, 1948ರವರೆಗೆ ಸುಮಾರು 24 ನಿಮಿಷ ಮುಂದೆಯೇ ನಡೆಯಿತು. ರೈಲು ಹಿಡಿಯುವವರು ಮನಸ್ಸಿನಲ್ಲೇ ಕೂಡಿ ಕಳೆಯಬೇಕಿತ್ತು.

ಸ್ವಾತಂತ್ರ್ಯದ ನಂತರ ವಿದೇಶಿ ವಾಚುಗಳ ಆಮದು ಬಿಗಿಯಾದಾಗ ಕತೆ ಬೆಂಗಳೂರಿಗೆ ತಿರುಗಿತು. ಕನ್ನಡಿಗರು ಇಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವ ಸಂಗತಿಯಿದೆ. 1953ರಲ್ಲಿ ಯಂತ್ರೋಪಕರಣ ತಯಾರಿಸಲು ಜಾಲಹಳ್ಳಿಯಲ್ಲಿ ನೆಲೆಯೂರಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚಿನ ಕಾರ್ಖಾನೆ ಕಟ್ಟಿತು. 1963ರಲ್ಲಿ ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಬರುಬರುತ್ತ ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ತಾನಾಗಿ ಕೀ ತುಂಬಿಕೊಳ್ಳುವ ರಜತ್, ಕಾಂಚನ್ ಬಂದವು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಶುರುವಾಯಿತು. ನಮ್ಮ ಹಳ್ಳಿಗಳಲ್ಲಿ ಅಳಿಯನಿಗೆ ವಾಚು ಕೊಡುವುದೆಂದರೆ ಎಚ್‌ಎಂಟಿ ಕೊಡುವುದೇ ಆಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನ ಮಣಿಕಟ್ಟಿಗೂ, ನಿವೃತ್ತಿಯಾಗುವ ಮೇಷ್ಟ್ರಿಗೂ ಅದೇ. ಲಾಲ್‌ಬಾಗಿನ ಹೂವಿನ ಗಡಿಯಾರದ ಯಂತ್ರವೂ ಈ ಕಂಪನಿಯದೇ. ರೈತ, ಗುಮಾಸ್ತ, ಕಂಡಕ್ಟರ್ ಕೊಳ್ಳಬಹುದಾದ ಬೆಲೆಗೆ ನಿಖರ ಯಂತ್ರವೊಂದನ್ನು ಕೊಟ್ಟದ್ದು ಸಣ್ಣ ಕೆಲಸವಲ್ಲ.

ಆ ಯಂತ್ರವನ್ನು ಹಿಂದಕ್ಕೆ ತಳ್ಳಿದ್ದು ಸೆಲ್‌ನಿಂದ ಓಡುವ ಕ್ವಾರ್ಟ್ಜ್. 1969ರ ಡಿಸೆಂಬರಿನಲ್ಲಿ ಸೀಕೊ ಕ್ವಾರ್ಟ್ಜ್ ಕೈಗಡಿಯಾರ ತಂದಿತು. ಹೊಸೂರಿನಲ್ಲಿ ನೆಲೆನಿಂತ ಟೈಟನ್ 1987ರಲ್ಲಿ ಮಾರುಕಟ್ಟೆಗೆ ಬಂದು ಕೀ ಕೊಡುವ ವಾಚನ್ನು ಹಳೆಯ ಕಾಲದ ವಸ್ತುವಾಗಿಸಿತು. ರಿಪೇರಿಯವರಿಗೆ ಸೆಲ್ ಬದಲಿಸುವ ಕೆಲಸವಷ್ಟೇ ಉಳಿಯಿತು. 2014ರಲ್ಲಿ ಎಚ್‌ಎಂಟಿ ವಾಚು ವಿಭಾಗ ಮುಚ್ಚುವ ಸುದ್ದಿ ಹಬ್ಬಿದಾಗ ಮಳಿಗೆಗಳಿಗೆ ಜನ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಮುಚ್ಚುಗಡೆಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಸಂಗ್ರಹದ ಹವ್ಯಾಸ ಶ್ರೀಮಂತರ ಬಂಗಲೆಯಿಂದ ಇಳಿದು ಸಾಮಾನ್ಯರ ಮೇಜಿಗೆ ಬಂದದ್ದು ಈ ಹೊತ್ತಿನಲ್ಲೇ. ಅಪ್ಪನ ಕಪಾಟಿನಲ್ಲಿ ನಿಂತುಹೋಗಿದ್ದ ವಾಚು ಏಕಾಏಕಿ ಹುಡುಕಾಟದ ವಸ್ತುವಾಯಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಸ್ತುಸಂಗ್ರಹಾಲಯ ತೆರೆಯಿತು.

ಬೇಡಿಕೆ ಬಂದೊಡನೆ ನಕಲಿ ಬಂತು. ಪೈಲಟ್ ಎಂದರೆ ಕಪ್ಪು ಡಯಲಿನ ಮೇಲೆ ದಪ್ಪ ಅಂಕಿ. ಈಗ ಮಾರಾಟಕ್ಕೆ ಬರುವ ಕಿತ್ತಳೆ, ಗಿಳಿಹಸಿರು ಪೈಲಟ್‌ಗಳಲ್ಲಿ ಬಹುಪಾಲು ಆಮೇಲೆ ಬಣ್ಣ ಬಳಿದವು. ಬಣ್ಣ ಬಳಿದ ವಾಚುಗಳನ್ನೆಲ್ಲ ಹೊರದೇಶದ ಸಂಗ್ರಹಕಾರರು ‘ಮುಂಬೈ ಸ್ಪೆಷಲ್’ ಎಂದು ಹಳಿಯುತ್ತಾರೆ. ಅಷ್ಟು ಸುಲಭವಾಗಿ ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಕೋಲ್ಕತ್ತದ ಮಳೆಗಾಲದಲ್ಲಿ, ನಮ್ಮ ಕರಾವಳಿಯ ಸೆಕೆಯಲ್ಲಿ ಡಯಲಿಗೆ ಕಲೆ ಹಿಡಿಯುವುದು ಸಹಜ. ಹಾಗಾದಾಗ ಗಿರಾಕಿಯೇ ‘ಹೊಸದರಂತೆ ಮಾಡಿಕೊಡಿ’ ಎನ್ನುತ್ತಿದ್ದ. ರಿಪೇರಿಯವರು ಡಯಲನ್ನು ಬಣ್ಣಕ್ಕೆ ಕೊಟ್ಟು, ಅಕ್ಷರ ಬರೆಸಿ, ವಾಪಸು ಕೂರಿಸುತ್ತಿದ್ದರು. ಅದು ಸೇವೆಯೇ ಆಗಿತ್ತು. ಮೂರು ಕೆಟ್ಟ ವಾಚಿನ ಭಾಗಗಳನ್ನು ಜೋಡಿಸಿ ಒಂದು ಮಾಡಿ, ‘ಕಾರ್ಖಾನೆಯಿಂದ ಬಂದಹಾಗೇ ಇದೆ’ ಎಂದು ಮಾರುವುದು ಮಾತ್ರ ಮೋಸ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಕಸುಬುದಾರನಿಗೆ ಅನ್ಯಾಯವಾಗುತ್ತದೆ.

ಕೊಳ್ಳುವುದರಲ್ಲೇ ನಿಲ್ಲದೆ ಬಿಚ್ಚುವುದಕ್ಕೂ ಇಳಿಯುವವರು ಈಗ ಹೆಚ್ಚುತ್ತಿದ್ದಾರೆ. ಕಲಿಯಲು ಜನತಾದಂಥ ವಾಚಿಗಿಂತ ಒಳ್ಳೆಯ ಗುರು ಸಿಗಲಿಕ್ಕಿಲ್ಲ. ಅದರ ಭಾಗಗಳು ಇನ್ನೂ ಸಿಗುತ್ತವೆ, ರಚನೆ ಸರಳ, ಅಚ್ಚುಗಳನ್ನು ಹೊರುವ ಹದಿನೇಳು ಜ್ಯುವೆಲ್ (ಹರಳು), ಡಯಲಿನ ಮೇಲೆ ಬರೆದಿರುವ ಪ್ಯಾರಾಶಾಕ್ ವ್ಯವಸ್ಥೆ ಬ್ಯಾಲೆನ್ಸ್ ಕಡ್ಡಿಯನ್ನು ಕಾಯುತ್ತದೆ. ಬಿಚ್ಚುವ ಮೊದಲು ಮೇನ್‌ಸ್ಪ್ರಿಂಗಿನಲ್ಲಿ ಉಳಿದ ಕೀಯನ್ನು ಇಳಿಸಬೇಕು. ಇಲ್ಲದಿದ್ದರೆ ಚಕ್ರಗಳನ್ನು ಹಿಡಿದಿಟ್ಟ ಸೇತುವೆಯ (ಬ್ರಿಜ್) ಸ್ಕ್ರೂ ತೆಗೆದ ಕೂಡಲೇ ಚಕ್ರಗಳು ಗಿರ್ರನೆ ತಿರುಗಿ ಹಲ್ಲು ಮುರಿದುಕೊಳ್ಳುತ್ತವೆ. ನಿಂತುಹೋದ ವಾಚಿಗೆ ಬಹಳ ಸಲ ದೊಡ್ಡ ರೋಗವಿರುವುದಿಲ್ಲ, ಎಣ್ಣೆ ಒಣಗಿ ಅಂಟಾಗಿರುತ್ತದೆ. ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಸ್ಪ್ರಿಂಗ್ ಡಬ್ಬಿಗೆ ದಪ್ಪ ಎಣ್ಣೆ, ಬ್ಯಾಲೆನ್ಸಿಗೆ ತೆಳು ಎಣ್ಣೆ ಕೊಡುತ್ತಾರೆ. ಬ್ಯಾಲೆನ್ಸ್ ಚಕ್ರಕ್ಕೆ ತಾಗುವ ಕವಲುಕಡ್ಡಿಯ (ಪ್ಯಾಲೆಟ್ ಫೋರ್ಕ್) ತಿರುಗುಮೊನೆಗಳಿಗೆ ಎಣ್ಣೆ ಹಾಕಬಾರದು. ಹೊಸಬರು ಸೋಲುವುದು ಇಲ್ಲಿಯೇ: ಜಾಸ್ತಿ ಎಣ್ಣೆ ಕಡಿಮೆ ಎಣ್ಣೆಯಷ್ಟೇ ಕೆಡುಕು. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೋಡಿದರೆ ಬ್ಯಾಲೆನ್ಸ್ ಚಕ್ರದ ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತತೆ ತಗುಲಿ ಸುತ್ತುಗಳು ಒಂದಕ್ಕೊಂದು ಅಂಟಿವೆಯೇ ನೋಡಬೇಕು. ಕತ್ತಲಲ್ಲಿ ಹೊಳೆಯಲೆಂದು ಹಳೆಯ ವಾಚಿನ ಮುಳ್ಳುಗಳಿಗೆ ಬಳಿದ ಬಣ್ಣವನ್ನು ಮಾತ್ರ ಕೆರೆಯಲೇಬಾರದು. ಅದರಲ್ಲಿರಬಹುದಾದ ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಹೋಗಿರಬಹುದು, ವಿಕಿರಣ ಹೋಗಿರುವುದಿಲ್ಲ. ಆ ಧೂಳು ಉಸಿರಿಗೆ ಹೋಗಬಾರದು.

ಕಷ್ಟ ಇರುವುದು ಮುಂದಿನ ಹಂತದಲ್ಲಿ. ಮುರಿದ ಬ್ಯಾಲೆನ್ಸ್ ಕಡ್ಡಿಯನ್ನು ಲೇತಿನಲ್ಲಿ ತಿರುಗಿಸಿ ಹೊಸದು ಮಾಡುವುದು, ಡೊಂಕಾದ ಹೇರ್‌ಸ್ಪ್ರಿಂಗನ್ನು ಚಿಮ್ಮಟದ ತುದಿಯಲ್ಲಿ ನೇರ ಮಾಡುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ರಾಧಾಬಜಾರಿನಲ್ಲಾಗಲಿ ನಮ್ಮ ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತಮುತ್ತಲಾಗಲಿ ಅದನ್ನು ಬಲ್ಲವರು ಬಹುಪಾಲು ವಯಸ್ಸಾದವರು. ಸಂಗ್ರಹಕಾರರು ಒಂದು ಡಯಲಿಗೆ ಕೊಡುವ ಬೆಲೆಯಲ್ಲಿ ಒಂದು ಪಾಲನ್ನೂ ರಿಪೇರಿಯವರ ಕೂಲಿಗೆ ಕೊಡಲು ಹಿಂಜರಿಯುತ್ತಾರೆ. ಹೀಗಿರುವಾಗ ಮಕ್ಕಳು ಆ ಕುರ್ಚಿಗೆ ಏಕೆ ಬಂದು ಕೂರಬೇಕು?

ಇನ್ನೊಂದು ವಿಷಯ ಹೇಳಬೇಕು. ಹಳೆಯ ರಿಪೇರಿಯವರು ಸರ್ವಿಸ್ ಮಾಡಿದ ವಾಚಿನ ಹಿಂಬದಿ ಮುಚ್ಚಳದ ಒಳಗೆ ಸೂಜಿಯಂಥ ಮೊನೆಯಿಂದ ತಾರೀಖು, ತಮ್ಮ ಗುರುತನ್ನು ಗೀಚುತ್ತಿದ್ದರು. ಮುಂದಿನವನಿಗೆ ಸುಳಿವು ಸಿಗಲೆಂದು. ಹೊಳಪು ಕೊಡುವ ಉತ್ಸಾಹದಲ್ಲಿ ಕೆಲವರು ಅದನ್ನು ಉಜ್ಜಿಹಾಕುತ್ತಿದ್ದಾರೆ. ಉಜ್ಜಬೇಡಿ. ಡಯಲನ್ನು ಫೋಟೊ ತೆಗೆಯುವ ಹಾಗೆಯೇ ಆ ಗೀಚುಗಳನ್ನೂ ಫೋಟೊ ತೆಗೆದಿಡಿ, ನೀವೇ ಬದಲಿಸಿದ ಭಾಗಗಳ ಪಟ್ಟಿಯನ್ನು ತಾರೀಖಿನ ಸಮೇತ ವಾಚು ಇಡುವ ಡಬ್ಬಿಯೊಳಗೆ ಹಾಕಿಡಿ.